ಬೆಳಗಾವಿ ಮಳಿ-ಥಂಡಿ ಬಿಟ್ಟು ಬೆಚ್ಚಗಿನ ಊರಿಗೆ: ವಿಜಯಪುರನೋ, ಬಾಗಲಕೋಟೆನೋ?

ಟಿಳಕವಾಡಿಯಿಂದ:

ನಮಸ್ಕಾರ್ರೀ ಎಲ್ಲಾರಿಗೂ. ಅಪ್ಪಗ 71, ದಮ್ಮು ಐತಿ. ಅವ್ವಗ 66, ಮೊಣಕಾಲ ಬ್ಯಾನಿ, ಬಿ.ಪಿ. ಗುಳಗಿ ನಡದೈತಿ. ಜೂನ್ ನಡುವಿಂದ ಸೆಪ್ಟೆಂಬರ್ ತನಕ ಬೆಳಗಾವಿಯೊಳಗ ಗ್ವಾಡಿ ಒಣಗೂದಿಲ್ಲ, ಕಪಾಟಿನ್ಯಾಗ ಬೂಷ್ಟು, ಅಪ್ಪಗ ರಾತ್ರಿ ನಿದ್ದಿ ಇಲ್ಲ. ಒಣ ಹವಾ ಇರೂ ಊರು ನೋಡ್ರಿ ಅಂತ ಡಾಕ್ಟರ್ ಅಂದಾರ.

ನಮ್ಮ ಮನಸ್ಸಿನ್ಯಾಗ ಇರೂದು ವಿಜಯಪುರ ಇಲ್ಲಾ ಬಾಗಲಕೋಟೆ ನವನಗರ. ತಮ್ಮ ಮಂಗಳೂರು ಅಂತಾನ, ಅಲ್ಲಿ ಥಂಡಿನೇ ಇಲ್ಲ ಅಂತ. ನನ್ನ ಕೆಲಸ ಮನಿಯಿಂದ, ತಿಂಗಳಿಗೊಮ್ಮೆ ಬೆಳಗಾವಿಗೆ ಬರಬೇಕು. ಮಗಳು ಈಗ 8ನೇತ್ತಾ. ಬ್ಯಾಸಗಿ ಇವರಿಗೆ ತಡೀತೈತೇನು? ನೀರು, ದವಾಖಾನಿ ಹೆಂಗ? ಮನಿ ತಗೊಳ್ಳೂದೋ, ಬಾಡಿಗಿನೋ? ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಗುಮ್ಮಟದ ನೆರಳು:

ಮೊದಲ ಮಂಗಳೂರು ಪಟ್ಟಿಯಿಂದ ತಗೀರಿ. ನಿಮ್ಮ ಅಪ್ಪಾರಿಗೆ ಬೇಕಾಗಿದ್ದು ಬಿಸಿ ಅಲ್ಲ, ಒಣ ಹವಾ. ಮಂಗಳೂರಿನ್ಯಾಗ ವರ್ಷಕ್ಕ 3500 ಮಿ.ಮೀ. ಹತ್ತಿರ ಮಳಿ, ಮಳಿ ನಿಂತ ಮ್ಯಾಲೂ ಸಮುದ್ರದ ತೇವ. ಬೆಳಗಾವಿ ಕಪಾಟಿನ್ಯಾಗಿನ ಬೂಷ್ಟು ಅಲ್ಲಿ ಇನ್ನೂ ಹೆಚ್ಚಾಗ್ತದ. ಬೆಳಗಾವಿಗೆ ಸುಮಾರು 1200ರಿಂದ 1300 ಮಿ.ಮೀ. ಬೀಳ್ತದ. ಖಾನಾಪುರದ ಕಾಡು ದಾಟಿ ಪೂರ್ವಕ್ಕ ಹೋದಂಗ ಮೋಡ ಖಾಲಿ ಆಗ್ತಾವ. ವಿಜಯಪುರ, ಬಾಗಲಕೋಟೆಗೆ ಬರೂದು 600ರ ಆಸುಪಾಸು. ಅದೂ ಇಲ್ಲಿ ಜಾಸ್ತಿ ಮಳಿ ಸೆಪ್ಟೆಂಬರ್‌ದಾಗ. ಜುಲೈದಾಗ ಬೆಳಗಾವಿಯಂಗ ವಾರಗಟ್ಟಲೆ ಜಿಟಿಜಿಟಿ ಹಿಡಿಯೂದಿಲ್ಲ. ಒಂದು ದೊಡ್ಡ ಮಳಿ ಬಂದು ಹೋಗ್ತದ, ಮರುದಿನ ಬಿಸಲು.

ಬ್ಯಾಸಗಿ ಬಗ್ಗೆ ನೇರ ಹೇಳ್ತೀನಿ. ಮಾರ್ಚ್ ನಡುವಿಂದ ಜೂನ್ ಮೊದಲ ವಾರದ ತನಕ ಕಠಿಣ ಅದ. ಏಪ್ರಿಲ್-ಮೇ ಮಧ್ಯಾಹ್ನ 40 ಡಿಗ್ರಿ ಮುಟ್ತದ, ಕೆಲವು ದಿನ ದಾಟ್ತದ. ಖರೆ, ಊರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮ್ಯಾಲ ಅದ, ಹವಾ ಒಣಾ. ಹಂಗಾಗಿ ರಾತ್ರಿ ಇಳೀತದ. ಚಳಿಗಾಲದಾಗ ಇಲ್ಲೂ ಡಿಸೆಂಬರ್-ಜನವರಿ ರಾತ್ರಿ 15ರ ಸುತ್ತ ಬರ್ತದ. ಬೆಳಗಿನ ಜಾವದ ಒಣ ಥಂಡಿ ಗಾಳಿ ದಮ್ಮಿನವರಿಗೆ ಛಲೋ ಅಲ್ಲ, ಆ ಎರಡು ತಿಂಗಳು ವಾಕಿಂಗ್ ಬಿಸಲು ಬಿದ್ದ ಮ್ಯಾಲನ ಇರಲಿ.

ಒಣ ಊರಿನ ದೊಡ್ಡ ಲಾಭ ಕೂಲರ್. ಲೆಕ್ಕ ನೋಡ್ರಿ: ಹೊರಗ 40 ಡಿಗ್ರಿ, ತೇವಾಂಶ 20% ಇದ್ರ, ಸರಿಯಾಗಿ ನಡಿಯೂ ಕೂಲರ್ ಗಾಳಿ ಸುಮಾರು 26-27 ಡಿಗ್ರಿಗೆ ಬರ್ತದ. ಮಂಗಳೂರಿನ್ಯಾಗ 33 ಡಿಗ್ರಿ, 70% ತೇವ ಇದ್ದಾಗ ಅದೇ ಕೂಲರ್ 29ಕ್ಕಿಂತ ಕೆಳಗ ಇಳಿಸೂದಿಲ್ಲ, ಮ್ಯಾಲ ಮೈ ಅಂಟಂಟು. 12×12 ಅಡಿ ಖೋಲಿ, 10 ಅಡಿ ಎತ್ತರ ಇದ್ರ ಗಂಟೆಗೆ ಕಮ್ಮಿ ಅಂದ್ರೂ 1200 ಘನಮೀಟರ್ ಗಾಳಿ ಬೇಕು. ಡಬ್ಬಿ ಮ್ಯಾಲ ಬರೆದ ಅಂಕಿ ಮನಿಯೊಳಗ ಪೂರ್ತಿ ಸಿಗೂದಿಲ್ಲ, ಅದಕ್ಕ 1800-2000ದ್ದು ತಗೋರಿ. ಕೂಲರ್ ಕಿಡಕಿಗೆ ಹಚ್ಚಿ ಹೊರಗಿನ ಗಾಳಿ ಎಳಿಬೇಕು, ಎದುರಿನ ಕಿಡಕಿ ಅರ್ಧಾ ತಗದಿಡಬೇಕು. ಮಂದಿ ಬಾಗಲಾ ಕಿಡಕಿ ಮುಚ್ಚಿ ಕೂಲರ್ ಹಚ್ತಾರ, ಒಂದು ತಾಸಿಗೆ ಖೋಲಿ ತುಂಬ ಹಸಿ ಗಾಳಿ ಆಗಿ ಮತ್ತ ಶೆಕಿ ಸುರು. "ಕೂಲರ್ ನಡಿಯಂಗಿಲ್ಲ" ಅನ್ನೂ ಮಾತು ಹೆಚ್ಚಾಗಿ ಅಲ್ಲಿಂದನ ಬರ್ತದ.

ದವಾಖಾನಿಗೆ ಕೊರತಿ ಇಲ್ಲ. ಬಿ.ಎಲ್.ಡಿ.ಇ., ಅಲ್-ಅಮೀನ್ ಎರಡೂ ಮೆಡಿಕಲ್ ಕಾಲೇಜು ಊರಾಗನ ಅದಾವ, ಜಿಲ್ಲಾ ಆಸ್ಪತ್ರೆ ಬ್ಯಾರೆ. ದೊಡ್ಡದು ಏನರ ಬಂದ್ರ ಸೋಲಾಪುರ ಸುಮಾರು 100 ಕಿ.ಮೀ.

ನವನಗರ ಸೆಕ್ಟರ್:

ಮ್ಯಾಲಿನವ್ರು ಹವಾಮಾನ ಸರಿ ಹೇಳ್ಯಾರ, ಬಾಗಲಕೋಟೆಗೂ ಅದೇ ಲೆಕ್ಕ. ಆದ್ರ ನಿಮಗ ತಿಂಗಳಿಗೊಮ್ಮೆ ಬೆಳಗಾವಿ ಬೇಕಂದ್ರಿ. ಬಾಗಲಕೋಟೆಯಿಂದ ಯರಗಟ್ಟಿ-ಲೋಕಾಪುರ ದಾರಿ ಹಿಡಿದ್ರ ಸುಮಾರು 140 ಕಿ.ಮೀ., ವಿಜಯಪುರದಿಂದ 200 ದಾಟತೈತಿ. ವಯಸ್ಸಾದವರನ್ನ ಕೂಡಿಸ್ಕೊಂಡು ಹೋಗೂದಾದ್ರ ಈ ಅಂತರ ಸಣ್ಣದಲ್ಲ. ರೈಲಿನ ಆಸೆ ಇಟ್ಕೋಬ್ಯಾಡ್ರಿ. ಎರಡೂ ಊರು ಗದಗ-ಹೊಟಗಿ ಮಾರ್ಗದ ಮ್ಯಾಲ ಅದಾವ, ಬೆಳಗಾವಿಗೆ ರೈಲಿನ್ಯಾಗ ಹೋಗಬೇಕಂದ್ರ ಗದಗ, ಹುಬ್ಬಳ್ಳಿ ಸುತ್ತಿ ಹೋಗಬೇಕು.

ನವನಗರ ಯೋಜನೆ ಹಾಕಿ ಕಟ್ಟಿದ ಊರು. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಭಾಗ ಹೋಗ್ತೈತಿ ಅಂತ ಎತ್ತರದ ಜಾಗಾದಾಗ ಸೆಕ್ಟರ್ ಮಾಡಿ ಕಟ್ಟ್ಯಾರ. ರಸ್ತೆ ಅಗಲ, ಮನಿ ಮನಿ ನಡುವ ಗಾಳಿ ಆಡತೈತಿ, ಗಿಡ ಅದಾವ. ದಮ್ಮಿನವರಿಗೆ ಇದು ಭಾಳ ದೊಡ್ಡ ಮಾತು. ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜು, ಕುಮಾರೇಶ್ವರ ಆಸ್ಪತ್ರೆ ನವನಗರದಾಗನ ಐತಿ. ವಿದ್ಯಾಗಿರಿ ಕಡೆ ಸಾಲಿ-ಕಾಲೇಜು ಜಾಸ್ತಿ, ಬಾಡಿಗಿ ಮನಿ ಅಲ್ಲೂ ನೋಡಬಹುದು.

ಹಳೆ ಊರಿನ್ಯಾಗ, ಘಟಪ್ರಭಾ ಹಿನ್ನೀರಿನ ದಂಡಿಗೆ ಅಗ್ಗಾ ಸಿಗತೈತಿ ಅಂತ ಜಾಗಾ ತಗೋಬ್ಯಾಡ್ರಿ. ಆಲಮಟ್ಟಿ ಈಗಿನ ಮಟ್ಟ 519.60 ಮೀಟರ್. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಾಗ 524.256 ಮೀಟರ್‌ಗೆ ಒಪ್ಪಿಗಿ ಕೊಟ್ಟೈತಿ. ಆ ಎತ್ತರಕ್ಕ ನೀರು ನಿಂತ್ರ ಇನ್ನಷ್ಟು ಹಳ್ಳಿ, ಹಳೆ ಊರಿನ ಇನ್ನಷ್ಟು ಭಾಗ ಮುಳುಗತೈತಿ. ಅದಕ್ಕ ಜಾಗಾದ ಮಟ್ಟ ಎಷ್ಟು, ಭೂಸ್ವಾಧೀನದ ಪಟ್ಟಿಯೊಳಗ ಐತೇನು ಅನ್ನೂದನ್ನ ಬರವಣಿಗಿಯೊಳಗ ತಗೋರಿ. ನವನಗರದಾಗ ಸಂತ್ರಸ್ತರಿಗೆ ಹಂಚಿದ ನಿವೇಶನ ಆಗಿದ್ರ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಹಂಚಿಕೆ ಪತ್ರ, ಕ್ರಯಪತ್ರ, ಪರಭಾರೆ ಮಾಡಾಕ ನಿರ್ಬಂಧ ಐತೋ ಇಲ್ಲೋ, ಮೂರೂ ನೋಡ್ರಿ. ಇ.ಸಿ. (ಜಾಗಾದ ಋಣಭಾರ ಪತ್ರ) 30 ವರ್ಷದ್ದು ತಗಸ್ರಿ.

ಇನ್ನೊಂದು. ಮುಧೋಳ, ಜಮಖಂಡಿ ಕಡೆ ಕಬ್ಬು ಜಾಸ್ತಿ. ನವೆಂಬರ್‌ದಿಂದ ಕಟಾವು ಸುರು ಆದ್ರ ಹೊಲದಾಗ ರವದಿ (ಕಬ್ಬಿನ ಒಣ ಎಲಿ) ಸುಡ್ತಾರ, ಸಂಜಿಕ್ಕ ಹೊಗಿ ಕೆಳಗ ಕೂಡತೈತಿ. ಮನಿ ನೋಡೂವಾಗ ಊರ ಅಂಚಿನ ಹೊಲಕ್ಕ ಹತ್ತಿದ್ದು ಬ್ಯಾಡ, ನಡುವಿನ ಸೆಕ್ಟರ್ ನೋಡ್ರಿ. ಲಾರಿ ಓಡಾಡೂ ರಸ್ತೆಯಿಂದ ಕಮ್ಮಿ ಅಂದ್ರ ಎರಡು ಸಾಲು ಮನಿ ಒಳಗ ಇರಲಿ.

ಔಷಧ ಪೆಟ್ಟಿಗೆ:

ಊರು ಯಾವುದಾದರೂ ಆಗಲಿ, ಹೊರಡುವ ಮೊದಲು ಕೆಲವು ವಿಷಯ ಗೊತ್ತಿರಬೇಕು. ಒಣ ಹವೆಗೆ ಹೋದರೆ ಬೂಷ್ಟು ಮತ್ತು ಹಾಸಿಗೆಯ ಧೂಳುಹುಳದ ತೊಂದರೆ ಕಡಿಮೆಯಾಗುತ್ತದೆ. ತೇವಾಂಶ 50% ಒಳಗಿದ್ದರೆ ಆ ಹುಳಗಳು ಬದುಕುವುದು ಕಷ್ಟ. ಆದರೆ ದಮ್ಮು ಹೋಗುವುದಿಲ್ಲ. ಕಾರಣ ಬದಲಾಗುತ್ತದೆ, ಅಷ್ಟೇ: ಜೋಳ-ಕಡಲೆ ರಾಶಿಯ ಧೂಳು, ರಸ್ತೆಯ ಮಣ್ಣು, ಮಳೆಯ ನಂತರ ಕಾಂಗ್ರೆಸ್ ಕಸದ ಪರಾಗ. ನಿಮ್ಮ ತಂದೆಯವರಿಗೆ ಯಾವುದು ತಾಗುತ್ತದೆ ಎಂದು ಎದೆರೋಗ ತಜ್ಞರಲ್ಲಿ ಅಲರ್ಜಿ ಪರೀಕ್ಷೆ ಮಾಡಿಸಿ ನಂತರ ಊರು ನಿರ್ಧರಿಸಿ. ಧೂಳಿಗೇ ಹೆಚ್ಚು ತಾಗುವುದಾದರೆ ಊರು ಬದಲಿಸಿದ ಖರ್ಚೆಲ್ಲ ದಂಡ. ಮೊಣಕಾಲಿಗೆ ಬೆಚ್ಚಗಿನ ಹವೆ ಹಿತ, ಬಿಗಿತ ಸ್ವಲ್ಪ ಸಡಿಲಬಹುದು. ಸವೆದ ಕೀಲು ಮಾತ್ರ ಹಾಗೆಯೇ ಇರುತ್ತದೆ, ವ್ಯಾಯಾಮ ಬಿಡುವಂತಿಲ್ಲ.

ತಾಯಿಯವರ ಬಿ.ಪಿ. ಗುಳಿಗೆ ಹೆಚ್ಚು ಎಚ್ಚರ ಬೇಡುವ ವಿಷಯ. ಮೂತ್ರ ಹೆಚ್ಚಿಸುವ ಗುಳಿಗೆ ಅದರಲ್ಲಿ ಸೇರಿದ್ದರೆ 40 ಡಿಗ್ರಿ ಬಿಸಿಲಲ್ಲಿ ನೀರು, ಸೋಡಿಯಂ ಎರಡೂ ಬೇಗ ಇಳಿಯುತ್ತವೆ. ಎದ್ದು ನಿಂತಾಗ ತಲೆ ತಿರುಗುವುದು, ಗೊಂದಲ, ಕಾಲು ಸೆಳೆತ ಬಂದರೆ ಅದೇ ಕಾರಣ ಇರಬಹುದು. ಮಾರ್ಚ್ ಮೊದಲ ವಾರದಲ್ಲೇ ವೈದ್ಯರ ಬಳಿ ಹೋಗಿ ಪ್ರಮಾಣ ಬದಲಿಸಬೇಕೇ ಎಂದು ಕೇಳಿ. ತಾವಾಗಿ ನಿಲ್ಲಿಸುವುದು ಬೇಡ. ಕುಳಿತಾಗ ಒಮ್ಮೆ, ಎದ್ದು ನಿಂತು ಒಂದರಿಂದ ಮೂರು ನಿಮಿಷಕ್ಕೆ ಒಮ್ಮೆ ಬಿ.ಪಿ. ನೋಡಿ, ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ವೈದ್ಯರಿಗೆ ತಿಳಿಸಿ.

ಇನ್ಹೇಲರ್ 30 ಡಿಗ್ರಿಯ ಒಳಗೆ ಇರಬೇಕು. ಬಿಸಿಲಲ್ಲಿ ನಿಂತ ಕಾರಿನಲ್ಲಿ, ಪಶ್ಚಿಮದ ಕಿಟಕಿಯ ಕಟ್ಟೆಯ ಮೇಲೆ ಇಡಬಾರದು.

ಮೇಲೆ ಕೂಲರ್ ಬಗ್ಗೆ ಹೇಳಿದ್ದಾರೆ, ಲೆಕ್ಕ ಸರಿ. ಆದರೆ ದಮ್ಮಿನವರ ಕೋಣೆಯಲ್ಲಿ ಒದ್ದೆ ಹುಲ್ಲಿನ ಪ್ಯಾಡ್ ಎಂದರೆ ನೀವು ಬಿಟ್ಟು ಬಂದ ಬೂಷ್ಟನ್ನೇ ಕಿಟಕಿಗೆ ತೂಗು ಹಾಕಿದಂತೆ. ಹುಲ್ಲಿನ ಪ್ಯಾಡ್ ಪ್ರತಿ ವರ್ಷ ಹೊಸದು ಹಾಕಿ, ಇಲ್ಲವೇ ಹನಿಕೋಂಬ್ ಪ್ಯಾಡ್ ಇರುವುದನ್ನು ಕೊಳ್ಳಿ. ದಿನವೂ ಆರಿಸುವ ಮೊದಲು ಪಂಪ್ ಬಂದ್ ಮಾಡಿ ಬರೀ ಫ್ಯಾನ್ 15-20 ನಿಮಿಷ ಓಡಿಸಿ, ಪ್ಯಾಡ್ ಒಣಗುತ್ತದೆ. ವಾರಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿ ಮಾಡಿ ಗೋಡೆ ತಿಕ್ಕಿ ತೊಳೆಯಿರಿ. ಡೆಂಗಿ ಸೊಳ್ಳೆಯ ಮೊಟ್ಟೆ ಅಂಚಿಗೆ ಅಂಟಿಕೊಂಡಿರುತ್ತದೆ, ನೀರು ಚೆಲ್ಲಿದರಷ್ಟೇ ಹೋಗುವುದಿಲ್ಲ.

ಎರಿಹೊಲ:

ಮನಿ ಮತ್ತು ನೀರಿನ ಬಗ್ಗೆ ನಾ ಹೇಳ್ತೀನಿ, ಯಾಕಂದ್ರ ಮಂದಿ ಸೋಲೂದು ಇಲ್ಲೇ.

ನೀರು. ನಳದ ನೀರು ಎಷ್ಟು ದಿನಕ್ಕೊಮ್ಮೆ ಬರ್ತದ ಅನ್ನೂದು ಊರಿಂದ ಊರಿಗಲ್ಲ, ವಾರ್ಡಿಂದ ವಾರ್ಡಿಗೆ ಬ್ಯಾರೆ. ಮಾಲಕರನ್ನ ಕೇಳಬ್ಯಾಡ್ರಿ, ಎದುರು ಮನಿಯವರನ್ನ ಕೇಳ್ರಿ, ಅದೂ ಮೇ ತಿಂಗಳ ಲೆಕ್ಕ. ತಲಿಗೆ ದಿನಕ್ಕ 135 ಲೀಟರ್ ಹಿಡದ್ರ ಐದು ಮಂದಿಗೆ 675. ಆರು ದಿನಕ್ಕೊಮ್ಮೆ ನೀರು ಅಂದ್ರ 4050 ಲೀಟರ್, ಅಂದ್ರ 5000 ಲೀಟರ್ ಸಂಪ್ ಇರೂ ಮನಿನ ಬೇಕು. ಕೂಲರ್ ಲೆಕ್ಕ ಮರೀಬ್ಯಾಡ್ರಿ: ಸುಡು ಬಿಸಲಾಗ ಗಂಟೆಗೆ 7 ಲೀಟರ್ ತನಕ ಕುಡೀತದ, 8 ತಾಸಿಗೆ 55-60 ಲೀಟರ್.

ಬೋರಿನ ನೀರು ಇದ್ರ ಬಾಟಲಿ ತುಂಬಿ ಪರೀಕ್ಷೆ ಮಾಡಸ್ರಿ. ಕರಗಿದ ಲವಣ ಲೀಟರಿಗೆ 500 ಮಿ.ಗ್ರಾಂ. ತನಕ ಛಲೋ, ಬ್ಯಾರೆ ನೀರೇ ಇಲ್ಲಂದ್ರ 2000 ತನಕ. ಗಡಸುತನ 200 ತನಕ ಛಲೋ, ಬ್ಯಾರೆ ನೀರಿಲ್ಲಂದ್ರ 600 ತನಕ. ಫ್ಲೋರೈಡ್ 1, ಅತಿ ಹೆಚ್ಚು ಅಂದ್ರ 1.5. ಸಾದಾ ಪೆನ್ನಿನಂಥಾ ಮೀಟರ್ ಲವಣ ಅಷ್ಟೇ ತೋರಸ್ತದ, ಫ್ಲೋರೈಡ್ ತೋರಸೂದಿಲ್ಲ. ಅದಕ್ಕ ಲ್ಯಾಬ್‌ನ ಬೇಕು. ಫ್ಲೋರೈಡ್ ಕುದಿಸಿದ್ರೂ ಹೋಗೂದಿಲ್ಲ, ಆರ್.ಓ. ಹಾಕಬೇಕು. 1500 ಲವಣದ ಬೋರಿನ ನೀರು ಕೂಲರ್‌ಗೆ ಹಾಕಿದ್ರ 60 ಲೀಟರ್ ಆರಿಹೋಗೂವಾಗ 90 ಗ್ರಾಂ ಉಪ್ಪು ಹಿಂದ ಉಳೀತದ, ಅದೂ ಒಂದು ದಿನಕ್ಕ. ಎರಡು ವಾರಕ್ಕ ಪ್ಯಾಡ್ ಕಲ್ಲಾಗ್ತದ, ಗಾಳಿ ತಂಪಾಗೂದು ನಿಲ್ತದ. ಕೂಲರ್‌ಗೂ ನಳದ ನೀರನ್ನ ಹಾಕ್ರಿ, ಎರಡು ದಿನಕ್ಕೊಮ್ಮೆ ತಳದ ನೀರು ಬಿಡ್ರಿ.

ಮನಿ. ಕಡೀ ಮಾಳಗಿ ಕೆಳಗಿನ ಮನಿ ಬ್ಯಾಡ. ಸ್ಲ್ಯಾಬ್ ಹಗಲೆಲ್ಲಾ ಕಾದು ರಾತ್ರಿ ಹತ್ತರ ತನಕ ಬಿಸಿ ಕೆಳಗ ಬಿಡ್ತದ. ಕೆಳಗಿನ ಅಂತಸ್ತು ತಗೋರಿ, ಅವ್ವಾರ ಮೊಣಕಾಲಿಗೂ ಪಾವಟಿಗಿ ತಪ್ಪತಾವ. ಹಿರಿಯರು ಮಲಗೂ ಖೋಲಿಗೆ ಪಶ್ಚಿಮದ ಗ್ವಾಡಿ ಇರಬಾರದು. ಮನಿ ನೋಡಾಕ ಬೆಳಿಗ್ಗೆ ಹೋಗಬ್ಯಾಡ್ರಿ, ಸಂಜಿ ಐದಕ್ಕ ಹೋಗಿ ಗ್ವಾಡಿಗೆ ಅಂಗೈ ಹಚ್ಚಿ ನೋಡ್ರಿ.

ತಗೊಳ್ಳೂ ವಿಚಾರ ಇದ್ರ ಮಣ್ಣು ನೋಡ್ರಿ. ಎರಿ (ಕಪ್ಪು) ಮಣ್ಣು ಮಳಿಗೆ ಉಬ್ಬತದ, ಬ್ಯಾಸಗಿಗೆ ಬಿರೀತದ, ಸಾದಾ ಕಲ್ಲಿನ ಪಾಯಾ ಅದರ ಕೂಡ ಏಳತದ, ಇಳೀತದ. ಕಿಡಕಿ ಮೂಲಿಯಿಂದ ಓರಿಯಾಗಿ ಮ್ಯಾಲ ಹೋದ ಬಿರುಕು, ಬ್ಯಾಸಗ್ಯಾಗ ಸಲೀಸಾಗಿ ಹಾಕಿ ಮಳಿಗಾಲದಾಗ ಹತ್ತೂ ಬಾಗಲಾ ಕಂಡ್ರ ಮುಂದ ಹೋಗ್ರಿ. ಬಣ್ಣಾ ಹಚ್ಚಿ ಬಿರುಕು ಮುಚ್ಚಿರ್ತಾರ, ಅದಕ್ಕ ಮೇ ತಿಂಗಳದಾಗ ನೋಡೂದು ಛಲೋ, ಆವಾಗ ಬಿರುಕು ಬಾಯಿ ಬಿಟ್ಟಿರ್ತದ. ಎರಿಯೊಳಗ ಕಟ್ಟೂದಾದ್ರ 3.5 ಮೀಟರ್ ಆಳದ, ಬುಡದಾಗ ಕಾಂಡಕ್ಕಿಂತ ಎರಡೂವರಿ ಪಟ್ಟು ಅಗಲದ ಗಡ್ಡಿ ಇರೂ ಕಾಂಕ್ರೀಟ್ ಪೈಲ್ ಹಾಕಿ ಮ್ಯಾಲ ಬೀಮ್ ಕಟ್ಟಬೇಕು, ಒಳಗ ಗರಸು (ಕಲ್ಲು ಮಿಶ್ರ ಮಣ್ಣು) ತುಂಬಬೇಕು. ಗರಸಿನ ಮಡ್ಡಿ ಮ್ಯಾಲಿನ ಜಾಗಾ ಸಿಕ್ರ ಇಷ್ಟೆಲ್ಲಾ ಖರ್ಚೇ ಇಲ್ಲ.

ಕರೆಂಟ್ ಹೋದಾಗ: 150 ಆ್ಯಂಪಿಯರ್-ಅವರ್ ಒಂದು ಬ್ಯಾಟರಿ ಇದ್ರ ಕೂಲರ್ 180 ವ್ಯಾಟ್, ಎರಡು ಫ್ಯಾನ್ 150, ಒಂದೆರಡು ದೀಪ ಸೇರಿ ಮೂರು, ಮೂರೂವರಿ ತಾಸು ನಡೀತದ. ಎ.ಸಿ. ಹೇಳಬ್ಯಾಡ್ರಿ, ನಡಿಯೂದಿಲ್ಲ.

ಟಿಳಕವಾಡಿಯಿಂದ:

ಎಲ್ಲಾರಿಗೂ ಭಾಳ ಉಪಕಾರ್ರೀ. ಮಂಗಳೂರು ಬಿಟ್ಟಿವಿ. ಅಲರ್ಜಿ ಪರೀಕ್ಷೆಗೆ ಈ ವಾರ ಹೆಸರು ಹಚ್ಚತೀನಿ. ಇನ್ನೆರಡು ಕೇಳೂದೈತಿ. ನಮ್ಮ ಜಿಲ್ಲಾದಾಗನ ಗೋಕಾಕ ಆದ್ರ ಹೆಂಗ? ಮತ್ತ ಮಗಳ ಸಾಲಿ ಯಾವಾಗ ಬದಲಿ ಮಾಡೂದು?

ನವನಗರ ಸೆಕ್ಟರ್:

ಗೋಕಾಕ ಕೆಟ್ಟ ಆಯ್ಕೆ ಅಲ್ರೀ. ಮಳಿ ಬೆಳಗಾವಿಯ ಅರ್ಧದಷ್ಟು, ಅಂತರ 60-70 ಕಿ.ಮೀ., ನಿಮ್ಮ ಹಳೇ ಡಾಕ್ಟರನ್ನೂ ಬಿಡಬೇಕಾಗಿಲ್ಲ. ಆದ್ರ ಮೆಡಿಕಲ್ ಕಾಲೇಜು ಊರಾಗಿಲ್ಲ. ನಡುರಾತ್ರಿ ಉಸಿರು ಕಟ್ಟಿದ್ರ ಬೆಳಗಾವಿಗೇ ಓಡಬೇಕು, ಅದು ಒಂದೂವರಿ ತಾಸಿನ ದಾರಿ. ಮ್ಯಾಲ 2019ರ ಆಗಸ್ಟ್‌ದಾಗ ಘಟಪ್ರಭಾ ಉಕ್ಕಿ ಹೊಳಿ ದಂಡಿಯ ಭಾಗದಾಗ ನೀರು ಹೊಕ್ಕಿತ್ತು. ಆ ಕಡೆ ಮನಿ ಬ್ಯಾಡ. 71ರ ದಮ್ಮಿನವರಿಗೆ ದವಾಖಾನಿ ಹತ್ತು ನಿಮಿಷದಾಗ ಇರಬೇಕು ಅನ್ನೂದು ನನ್ನ ಅಭಿಪ್ರಾಯ, ಅದಕ್ಕ ಮೊದಲ ನವನಗರ, ಆಮ್ಯಾಲ ವಿಜಯಪುರ.

ಸಾಲಿ: 8 ಮುಗಿಸಿ 9ಕ್ಕ ಬದಲಿ ಮಾಡ್ರಿ. 9 ಮುಗಿದ ಮ್ಯಾಲ ತ್ರಾಸು, ಯಾಕಂದ್ರ ಸಿ.ಬಿ.ಎಸ್.ಇ. ನೋಂದಣಿ 9ರಾಗನ ಆಗತೈತಿ. ಟಿ.ಸಿ., ಅಂಕಪಟ್ಟಿ, ಎಸ್.ಎ.ಟಿ.ಎಸ್. ಸಂಖ್ಯೆ (ಸರ್ಕಾರದ ವಿದ್ಯಾರ್ಥಿ ದಾಖಲೆ ನಂಬರ್) ಮೂರೂ ಬೆಳಗಾವಿ ಸಾಲಿಯಿಂದ ಕೈಯಾಗ ತಗೊಂಡ ಹೊರಡ್ರಿ.

ಏಪ್ರಿಲ್‌ದಿಂದ 11 ತಿಂಗಳ ಬಾಡಿಗಿ ಕರಾರು ಮಾಡ್ರಿ. ಮೇ ಬಿಸಲು, ಸೆಪ್ಟೆಂಬರ್ ಮಳಿ, ನವೆಂಬರ್ ರವದಿ ಹೊಗಿ, ಜನವರಿ ಥಂಡಿ, ನಾಕೂ ಅದರಾಗ ಬರತಾವ. ಅಲ್ಲೀ ತನಕ ಟಿಳಕವಾಡಿ ಮನಿ ಮಾರಬ್ಯಾಡ್ರಿ, ಬಾಡಿಗಿಗೆ ಕೊಡ್ರಿ.

ಔಷಧ ಪೆಟ್ಟಿಗೆ:

ಆ 11 ತಿಂಗಳಲ್ಲಿ ತಂದೆಯವರಿಗೆ ಪೀಕ್ ಫ್ಲೋ ಮೀಟರ್ (ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಎಂದು ಅಳೆಯುವ ಸಣ್ಣ ಸಾಧನ) ಕೊಡಿಸಿ. ಬೆಳಿಗ್ಗೆ, ಸಂಜೆ ನಿಂತು ಮೂರು ಸಲ ಊದಿಸಿ, ಮೂರರಲ್ಲಿ ದೊಡ್ಡ ಅಂಕಿಯನ್ನು ಬರೆಯಿರಿ. ಪಕ್ಕದಲ್ಲಿ ಕೋಣೆಯ ತೇವಾಂಶವನ್ನೂ ಬರೆಯಿರಿ. ಬೆಳಗಾವಿಯಲ್ಲಿ ಇವತ್ತಿನಿಂದಲೇ ಶುರು ಮಾಡಿದರೆ ಹೋಲಿಸಲು ಆಧಾರ ಸಿಗುತ್ತದೆ. ಅವರ ಅತ್ಯುತ್ತಮ ಅಂಕಿಯ 80%ಕ್ಕಿಂತ ಇಳಿದರೆ ವೈದ್ಯರಿಗೆ ಫೋನ್ ಮಾಡಿ, 50%ಕ್ಕಿಂತ ಇಳಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.