ಅಮ್ಮನನ್ನು ಟ್ರಯಲ್‌ಗೆ ಸೇರಿಸಲಾ? ಗೊತ್ತಿದ್ದವರು ಹೇಳಿ

ದಾವಣಗೆರೆಯಿಂದ ಪ್ರಶ್ನೆ: ಅಮ್ಮನಿಗೆ 61 ವರ್ಷ. ಮಾತ್ರೆ ಎಷ್ಟು ಬದಲಿಸಿದರೂ ಸಕ್ಕರೆ ಕಾಯಿಲೆ ಹಿಡಿತಕ್ಕೆ ಬರುತ್ತಿಲ್ಲ. ಹೊಸ ಮಾತ್ರೆಯೊಂದರ ಕ್ಲಿನಿಕಲ್ ಟ್ರಯಲ್ (ರೋಗಿಗಳಿಗೆ ಕೊಟ್ಟು ಪರೀಕ್ಷಿಸುವುದು) ಇದೆ, ಸೇರುತ್ತೀರಾ ಎಂದು ಆಸ್ಪತ್ರೆಯಲ್ಲಿ ಕೇಳಿದ್ದಾರೆ. ‘ನಿಮ್ಮಮ್ಮನ ಮೇಲೆ ಪ್ರಯೋಗ ಮಾಡ್ತಾರೆ’ ಎಂದು ಚಿಕ್ಕಪ್ಪ ಹೆದರಿಸಿದ್ದಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಸೇರಿದ್ದರೆ ದಯವಿಟ್ಟು ಹೇಳಿ.

ಮೈಸೂರಿನಿಂದ: ನಮ್ಮ ಅಪ್ಪ ಇಂಥದ್ದೇ ಟ್ರಯಲ್‌ನಲ್ಲಿ ಒಂದು ವರ್ಷ ಇದ್ದರು. ನಮಗೂ ಇದೇ ಭಯ ಇತ್ತು. ಸಹಿ ಮಾಡುವ ಮೊದಲು ಸಮ್ಮತಿ ಪತ್ರವನ್ನು ಮನೆಗೆ ತಂದೆವು. ಕನ್ನಡದಲ್ಲೇ ಇತ್ತು, 14 ಪುಟ. ರಾತ್ರಿ ಊಟ ಆದ ಮೇಲೆ ಅಪ್ಪ ಕನ್ನಡಕ ಹಾಕಿಕೊಂಡು ಕೂತರು. ಅರ್ಥವಾಗದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆದರು. ಒಂಬತ್ತು ಗೆರೆ. ಮುಂದಿನ ಸಲ ಹೋದಾಗ ಡಾಕ್ಟರ್ ಒಂಬತ್ತಕ್ಕೂ ಉತ್ತರ ಹೇಳಿದರು.

ನಮಗೆ ಜಾಸ್ತಿ ಗೊಂದಲ ಆಗಿದ್ದು ಇದು. ಯಾರಿಗೆ ಹೊಸ ಮಾತ್ರೆ, ಯಾರಿಗೆ ಔಷಧಿಯೇ ಇಲ್ಲದ ಮಾತ್ರೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಹಂಚುತ್ತದೆ. ನೋಡಲು ಎರಡೂ ಒಂದೇ ಥರ. ನಮಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಗೊತ್ತಿದ್ದರೆ ಹೊಸ ಮಾತ್ರೆ ನುಂಗಿದ ಖುಷಿಗೇ ಅರ್ಧ ವಾಸಿಯಾದಂತೆ ಅನಿಸಿಬಿಡುತ್ತದೆ, ಅಲ್ವಾ? ಏನಾದರೂ ತುರ್ತು ಬಂದರೆ ಮಾತ್ರ ಆ ಗುಟ್ಟು ಬಿಚ್ಚುತ್ತಾರೆ. ಅಪ್ಪನ ಹಳೆಯ ಮಾತ್ರೆ ನಿಲ್ಲಿಸಲಿಲ್ಲ, ಅದರ ಜೊತೆಗೆ ಇದನ್ನು ಕೊಟ್ಟರು. ನೀವೂ ಮೊದಲು ‘ಈಗಿನ ಔಷಧಿ ಮುಂದುವರಿಯುತ್ತಾ’ ಎಂದು ಕೇಳಿ.

ಪ್ರತಿ ಸಲವೂ ಖಾಲಿ ಸ್ಟ್ರಿಪ್, ಉಳಿದ ಮಾತ್ರೆ ಎಲ್ಲವನ್ನೂ ವಾಪಸ್ ಕೊಡಬೇಕಿತ್ತು. ಸಿಸ್ಟರ್ ಮೇಜಿನ ಮೇಲೆ ಹರಡಿಕೊಂಡು ಉಳಿದ ಮಾತ್ರೆಗಳನ್ನು ಒಂದೊಂದೇ ಎಣಿಸುತ್ತಿದ್ದರು. ಅಪ್ಪ ಎರಡು ದಿನ ಮರೆತದ್ದು ಅಲ್ಲೇ ಸಿಕ್ಕಿಬಿತ್ತು. ಬೈಯಲಿಲ್ಲ, ಬರೆದುಕೊಂಡರು.

ಹುಬ್ಬಳ್ಳಿಯಿಂದ: ನಮ್ಮ ಅನುಭವ ಬೇರೆ. ಒಂದು ಆಸ್ಪತ್ರೆಯಲ್ಲಿ ಓಪಿಡಿ ಸಾಲಿನಲ್ಲಿ ನಿಂತಿದ್ದ ಅತ್ತೆಗೆ ‘ಇಲ್ಲಿ ಸಹಿ ಹಾಕಿ, ಔಷಧಿ ಫ್ರೀ’ ಅಂದರು. ಏನು, ಎತ್ತ ಎಂದು ಹೇಳಲೇ ಇಲ್ಲ. ಬೇಡ ಎಂದು ಬಂದೆವು. ಅವಸರ ಮಾಡುವ ಕಡೆ ಸಹಿ ಹಾಕಬೇಡಿ.

ಮಂಗಳೂರಿನಿಂದ: ನಾನು ಟ್ರಯಲ್ ಕೋಆರ್ಡಿನೇಟರ್ ಆಗಿ ಕೆಲಸ ಮಾಡಿದ್ದೇನೆ. ಹುಬ್ಬಳ್ಳಿಯವರು ಮಾಡಿದ್ದು ಸರಿ. ಬೇಡ ಅಂದರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಸೇರಿದ ಮೇಲೂ ಯಾವತ್ತು ಬೇಕಾದರೂ ಹೊರಗೆ ಬರಬಹುದು. 2019ರ ನಿಯಮದ ಪ್ರಕಾರ ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಕೊಡಬೇಕು. ಗಂಭೀರ ತೊಂದರೆಯನ್ನು ಡಾಕ್ಟರ್ 24 ಗಂಟೆಯೊಳಗೆ ವರದಿ ಮಾಡಬೇಕು.

ಟ್ರಯಲ್ ಎಷ್ಟನೇ ಹಂತದ್ದು ಎಂದು ಕೇಳಿ. ಮೊದಲ ಹಂತದಲ್ಲಿ ಕೆಲವೇ ಜನರಿಗೆ ಕೊಟ್ಟು ಮೈಗೆ ಒಗ್ಗುತ್ತಾ ನೋಡುತ್ತಾರೆ. 3ನೇ ಹಂತಕ್ಕೆ ಬರುವ ಹೊತ್ತಿಗೆ ನೂರಾರು, ಸಾವಿರಾರು ರೋಗಿಗಳು ಇರುತ್ತಾರೆ. ಸಿಟಿಆರ್‌ಐ (ದೇಶದ ಟ್ರಯಲ್‌ಗಳನ್ನು ದಾಖಲಿಸುವ ಸರ್ಕಾರಿ ಪಟ್ಟಿ) ನೋಂದಣಿ ಸಂಖ್ಯೆಯನ್ನೂ ಕೇಳಿ. 2009ರಿಂದ ಅದು ಕಡ್ಡಾಯ, ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಟ್ರಯಲ್‌ಗೆ ಸೇರಿದವರ ಹಿತ ಕಾಯುವ ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಮಾಹಿತಿ ಪತ್ರದಲ್ಲೇ ಇರಬೇಕು. ಆ ಕಮಿಟಿಯಲ್ಲಿ ಡಾಕ್ಟರ್‌ಗಳ ಜೊತೆ ಕಾನೂನು ಬಲ್ಲವರು, ಜನಸಾಮಾನ್ಯರೊಬ್ಬರೂ ಇರುತ್ತಾರೆ. ಸಂಕೋಚ ಬೇಡ, ಫೋನ್ ಮಾಡಿ.

ಧಾರವಾಡದಿಂದ: ಚಿಕ್ಕಪ್ಪನಿಗೆ ಇದೊಂದು ಹೇಳಿ. ಒಂದು ಕಾಲದಲ್ಲಿ ಟಿಬಿ ಬಂದವರನ್ನು ತಿಂಗಳುಗಟ್ಟಲೆ ಸ್ಯಾನಟೋರಿಯಂ ಎಂಬ ಟಿಬಿ ಆಸ್ಪತ್ರೆಯಲ್ಲಿ ಇಡುತ್ತಿದ್ದರು. 1956ರಲ್ಲಿ ಮದ್ರಾಸಿನಲ್ಲಿ ಒಂದು ಟ್ರಯಲ್ ಶುರುವಾಯಿತು. ಕೆಲವರಿಗೆ ಮನೆಯಲ್ಲಿ, ಕೆಲವರಿಗೆ ಸ್ಯಾನಟೋರಿಯಂನಲ್ಲಿ, ಅದೇ ಔಷಧಿ. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಇವತ್ತು ಟಿಬಿ ರೋಗಿಗಳು ಮನೆಯಲ್ಲೇ ಇದ್ದು ಮಾತ್ರೆ ತಗೊಳ್ಳುವುದಕ್ಕೆ ಅಂದು ಒಪ್ಪಿಕೊಂಡ ಆ ಬಡ ರೋಗಿಗಳ ಋಣ ಇದೆ.

ದಾವಣಗೆರೆಯಿಂದ: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪತ್ರ ಮನೆಗೆ ತರುತ್ತೇನೆ. ಅಮ್ಮನಿಗೆ ಕಣ್ಣು ಮಂಜು, ನಾನೇ ಓದಿ ಹೇಳುತ್ತೇನೆ. ಪೆನ್ಸಿಲ್ ಅವರ ಕೈಯಲ್ಲೇ ಇರಲಿ.

ಮೈಸೂರಿನಿಂದ: ಸೇರಿದರೆ ಇನ್ನೊಂದು. ರಕ್ತ ಕೊಡಲು ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗುತ್ತದೆ, ಕಾಯುವುದೂ ಜಾಸ್ತಿ. ಡಬ್ಬಿಯಲ್ಲಿ ಎರಡು ಇಡ್ಲಿ ಕಟ್ಟಿಕೊಳ್ಳಿ. ಬಸ್ ಟಿಕೆಟ್ ಬಿಸಾಡಬೇಡಿ, ನಮಗೆ ಆ ದುಡ್ಡು ವಾಪಸ್ ಕೊಡುತ್ತಿದ್ದರು.