ನುಡಿ ಕನ್ವರ್ಟರ್ ಹಾಕಿದ ಮೇಲೆ ಕಂಪ್ಯೂಟರ್ ನಿಧಾನ, ವೈಫೈ ಬಂದು ಹೋಗಿ ಮಾಡುತ್ತಿದೆ, ಮೌಸ್ ನಡುವೆ ನಿಲ್ಲುತ್ತದೆ

ನಿವೃತ್ತ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಶಾಲೆಯಿಂದ ನಿವೃತ್ತನಾದ ಮೇಲೆ ಹಳೆಯ ಯಕ್ಷಗಾನ ಪ್ರಸಂಗಗಳನ್ನು ಟೈಪ್ ಮಾಡಿ ಇಡುವುದು ನನ್ನ ಹುಚ್ಚು. ಎಲ್ಲವೂ ಹಳೆಯ ನುಡಿ ಫಾಂಟಿನಲ್ಲಿವೆ. ಮೊಬೈಲಿಗೆ ಕಳಿಸಿದರೆ ಕನ್ನಡದ ಬದಲು ಚುಕ್ಕಿ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಎಲ್ಲ ಸಾಧನಗಳಲ್ಲೂ ಓದಲಾಗುವ ಯೂನಿಕೋಡಿಗೆ ಬದಲಿಸಿ ಎಂದರು. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದ ಸೈಟಿನಿಂದ ‘ಫ್ರೀ ಕನ್ವರ್ಟರ್’ ಇಳಿಸಿಕೊಂಡೆ. ಕನ್ವರ್ಟ್ ಒಂದು ಆಗಲಿಲ್ಲ, ಉಳಿದದ್ದೆಲ್ಲ ಆಯಿತು.

ಬ್ರೌಸರಿನ ಮೊದಲ ಪುಟ ಬದಲಾಯಿತು. ಬಲಗಡೆ ಕೆಳಗೆ ‘ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ’ ಎಂದು ಪೆಟ್ಟಿಗೆಗಳು ಬರತೊಡಗಿದವು. ಪಕ್ಕದ ಮನೆಯ ಇಂಜಿನಿಯರಿಂಗ್ ಓದುವ ಹುಡುಗ ಬಂದು ಆ ಕನ್ವರ್ಟರ್ ತೆಗೆದು, ಇನ್ನೊಂದು ಆಂಟಿವೈರಸ್ ಹಾಕಿಕೊಟ್ಟ. ಪೆಟ್ಟಿಗೆಗಳು ಕಡಿಮೆಯಾದವು. ಆದರೆ ಈಗ ಸ್ವಿಚ್ ಹಾಕಿ, ಹಂಡೆಗೆ ಬೆಂಕಿ ಒಟ್ಟಿ ಬಂದರೂ ಪರದೆ ಸುತ್ತುತ್ತಲೇ ಇರುತ್ತದೆ. ವೈಫೈ ಸಿಗ್ನಲ್ ಫುಲ್ ಇದ್ದರೂ ಪುಟ ತೆರೆಯುವುದಿಲ್ಲ. ಕೆಲವೊಮ್ಮೆ ಪೂರ್ತಿ ಕಡಿದುಹೋಗುತ್ತದೆ. ಅದೇ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡಿದರೆ ಎಲ್ಲ ಸರಿ.

ಇನ್ನೊಂದು ವಿಷಯ, ಹೇಳಲು ಸ್ವಲ್ಪ ಸಂಕೋಚ. ಮೌಸ್ ಬಾಣ ನಡುನಡುವೆ ನಿಂತು, ಆಮೇಲೆ ಒಮ್ಮೆಲೇ ಬೇರೆ ಕಡೆ ಹಾರುತ್ತದೆ. ಯಾರಾದರೂ ಒಳಗೆ ಕೂತು ಆಡಿಸುತ್ತಿದ್ದಾರಾ?

2017ರ ಡೆಸ್ಕ್‌ಟಾಪ್, ಐ3 ಏಳನೇ ಜನರೇಷನ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10.

ಸ್ಕ್ರೂಡ್ರೈವರ್:
ಮೇಷ್ಟ್ರೇ, ಸಂಕೋಚ ಬೇಡ. ಮೌಸ್ ವಿಷಯ ಹೇಳಿದ್ದು ಬಹಳ ಒಳ್ಳೆಯದಾಯಿತು.

ಮೊದಲು ಒಂದು ಕೆಲಸ. ಆ ಕಂಪ್ಯೂಟರಿನಲ್ಲಿ ಇವತ್ತಿನಿಂದ ಬ್ಯಾಂಕು, ಇಮೇಲ್ ಏನೂ ತೆರೆಯಬೇಡಿ. ಮೊಬೈಲಿನಿಂದ ಇಮೇಲ್ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಆನ್ ಮಾಡಿ. ಆಮೇಲೆ ಬ್ಯಾಂಕಿನದು. ಇಂಥ ‘ಫ್ರೀ’ ಸಾಫ್ಟ್‌ವೇರ್‌ಗಳಲ್ಲಿ ಕೆಲವು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೇ ಎತ್ತಿಕೊಂಡು ಹೋಗುತ್ತವೆ. ಖಾತೆಯಿಂದ ಹಣ ಹೋಗಿದ್ದು ಕಂಡರೆ ಮಾತ್ರ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಎರಡನೆಯದು, ಪ್ರಸಂಗಗಳ ಫೈಲುಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಬರೀ ನಿಮ್ಮ ಬರಹ ಮತ್ತು ಫೋಟೊ. ಸೆಟಪ್ ಫೈಲು ಒಂದೂ ಬೇಡ.

ಇನ್ನು ನನಗೆ ಬೇಕಾದ ಮಾಹಿತಿ:
ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಷ್ಟೆಷ್ಟು ಪರ್ಸೆಂಟ್ ಇವೆ?
ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ‘ಪ್ರಾಕ್ಸಿ’ (ಇಂಟರ್‌ನೆಟ್ಟಿಗೆ ಹೋಗುವಾಗ ನಡುವೆ ನಿಲ್ಲುವ ಮಧ್ಯವರ್ತಿ) ಅಂತ ಇದೆ. ಅಲ್ಲಿ ಏನಾದರೂ ಆನ್ ಇದೆಯಾ?
ಕಮಾಂಡ್ ಪ್ರಾಂಪ್ಟ್‌ನಲ್ಲಿ ನಿಮ್ಮ ರೂಟರಿನ ನಂಬರಿಗೆ, ಸಾಮಾನ್ಯವಾಗಿ 192.168.1.1, ಪಿಂಗ್ (ಉತ್ತರ ಬರುತ್ತದಾ ಎಂದು ಕೇಳಿ ನೋಡುವ ಆದೇಶ) ಕೊಟ್ಟು, ನಿಲ್ಲದಂತೆ ಕೊನೆಗೆ -t ಸೇರಿಸಿ, ಹತ್ತು ನಿಮಿಷ ಬಿಡಿ. ಎಲ್ಲಿ ತಪ್ಪುತ್ತದೆ ನೋಡಿ.
ಡೆಸ್ಕ್‌ಟಾಪಿಗೆ ವೈಫೈ ಎಲ್ಲಿಂದ ಬಂತು? ಯುಎಸ್‌ಬಿ ಪೋರ್ಟಿಗೆ ಚುಚ್ಚುವ ಡಾಂಗಲ್ಲಾ? ಯಾವ ಪೋರ್ಟಿನಲ್ಲಿ ಇದೆ, ಪಕ್ಕದಲ್ಲಿ ಇನ್ನೇನಿದೆ?

ಮಧ್ಯರಾತ್ರಿ ಕೋಡ್:
ಇಷ್ಟೆಲ್ಲ ಯಾಕೆ ಗುರು? ಸುಮ್ನೆ ಫಾರ್ಮ್ಯಾಟ್ ಮಾಡಿ ಬಿಸಾಕಿ. ಅರ್ಧ ದಿನದ ಕೆಲಸ.

ಸ್ಕ್ರೂಡ್ರೈವರ್:
ಮಾಡಬೇಕಾಗಿ ಬರಬಹುದು. ಆದರೆ ನಿಧಾನ ಆಗೋದು, ವೈಫೈ ಹೋಗೋದು ಎರಡೂ ವೈರಸ್ಸಿನಿಂದಲೇ ಅಂತ ಯಾರು ಹೇಳಿದ್ದು? ಡಿಸ್ಕ್ ಸಾಯುತ್ತಿದ್ದರೆ ಫಾರ್ಮ್ಯಾಟ್ ಮಾಡಿ ಅದೇ ಸಾಯುವ ಡಿಸ್ಕಿಗೆ ವಿಂಡೋಸ್ ಹಾಕಿದಂತಾಗುತ್ತದೆ, ಅಷ್ಟೇ.

ನಿವೃತ್ತ ಮೇಷ್ಟ್ರು:
ಪಾಸ್‌ವರ್ಡ್ ಬದಲಿಸಿದೆ. ಹಣ ಎಲ್ಲೂ ಹೋಗಿಲ್ಲ. ಇನ್ನು ವರದಿ.

ಡಿಸ್ಕ್ 100 ಪರ್ಸೆಂಟಿನಲ್ಲಿ ಕೂತಿದೆ, ಇಳಿಯುವುದೇ ಇಲ್ಲ. ಮೆಮೊರಿ 88. ಸಿಪಿಯು 20ರ ಆಸುಪಾಸು. ಮೇಲಿನ ಸಾಲುಗಳಲ್ಲಿ ಎರಡು ಆಂಟಿವೈರಸ್ ಹೆಸರು ಕಾಣುತ್ತಿವೆ. ಒಂದು ನಾನು ಹಿಂದೆ ಹಾಕಿಸಿದ್ದು, ಇನ್ನೊಂದು ಹುಡುಗ ಹಾಕಿದ್ದು.

ಪ್ರಾಕ್ಸಿ ಆನ್ ಇದೆ. 127.0.0.1 ಎಂದಿದೆ, ಪಕ್ಕದಲ್ಲಿ ಪೋರ್ಟ್ ಎಂದು ನಾಲ್ಕಂಕಿ ಸಂಖ್ಯೆ. ನಾನಂತೂ ಹಾಕಿಲ್ಲ.

ಪಿಂಗ್ 2, 3, 4 ಮಿಲಿಸೆಕೆಂಡ್ ಎಂದು ತೋರಿಸುತ್ತಿತ್ತು. ಪುಟ ತೆರೆಯದೇ ಇದ್ದಾಗಲೂ ಹಾಗೆಯೇ ಬರುತ್ತಿತ್ತು! ಆದರೆ ಫೈಲು ಕಾಪಿ ಮಾಡಲು ಹೊರಗಿನ ಹಾರ್ಡ್ ಡಿಸ್ಕ್ ಹಾಕಿದ ಕೂಡಲೇ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಸಾಲುಗಟ್ಟಿ ಬಂತು. ಮೌಸೂ ನಿಂತಿತು. ಡಿಸ್ಕ್ ತೆಗೆದೆ, ಎರಡೂ ಸರಿಯಾದವು. ಮತ್ತೆ ಹಾಕಿದೆ, ಮತ್ತೆ ಹೋದವು. ನಾಲ್ಕು ಸಲ ನೋಡಿದೆ. ಈ ಡಿಸ್ಕಿಗೂ ವೈರಸ್ ಅಂಟಿದೆಯಾ?

ವೈಫೈ ಡಾಂಗಲ್ ಸಿಪಿಯು ಡಬ್ಬಿಯ ಹಿಂದೆ ಇದೆ. ಅದರ ಮಗ್ಗುಲಲ್ಲೇ ನೀಲಿ ಪೋರ್ಟಿನಲ್ಲಿ ಹೊರಗಿನ ಡಿಸ್ಕ್. ಕೆಳಗಡೆ ವೈರ್‌ಲೆಸ್ ಮೌಸಿನ ಗುಂಡಿಯಷ್ಟು ಚಿಕ್ಕ ರಿಸೀವರ್.

ಸ್ಕ್ರೂಡ್ರೈವರ್:
ನಾಲ್ಕು ಸಲ ಹಾಕಿ ತೆಗೆದು ನೋಡಿದಿರಲ್ಲ, ಅರ್ಧ ಕೆಲಸ ನೀವೇ ಮುಗಿಸಿದಿರಿ.

ಮೌಸನ್ನು ಯಾರೂ ಆಡಿಸುತ್ತಿಲ್ಲ. ನೀಲಿ ಪೋರ್ಟು ಯುಎಸ್‌ಬಿ 3.0. ಅದರಲ್ಲಿ ಡೇಟಾ ಓಡುವಾಗ ಆ ಕೇಬಲ್ಲು ಮತ್ತು ಪೋರ್ಟಿನಿಂದ ರೇಡಿಯೊ ಗದ್ದಲ ಏಳುತ್ತದೆ. ಅದು ಬೀಳುವುದು ಸರಿಯಾಗಿ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ನಿಮ್ಮ ಡಾಂಗಲ್ ಅಲ್ಲೇ ಕೆಲಸ ಮಾಡುತ್ತದೆ, ಮೌಸೂ ಅಲ್ಲೇ. ಮಗ್ಗುಲಲ್ಲಿ ಗಿರಣಿ ಓಡುವಾಗ ಪಿಸುಮಾತು ಕೇಳಿಸುತ್ತದಾ? ಇಂಟೆಲ್ ಕಂಪನಿ 2012ರಲ್ಲೇ ಇದರ ಬಗ್ಗೆ ವರದಿ ಹೊರಡಿಸಿತ್ತು. ಆದರೂ ಡಾಂಗಲ್ ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ. ನಾನೇ ಒಮ್ಮೆ ಇದೇ ಕಾರಣಕ್ಕೆ ಎರಡು ದಿನ ಡ್ರೈವರ್ ಹಾಕಿ ತೆಗೆದು ತಲೆ ಕೆಡಿಸಿಕೊಂಡಿದ್ದೆ.

ಪರಿಹಾರ ಸುಲಭ. ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು ಡಾಂಗಲ್ಲನ್ನು ಮೇಜಿನ ಮೇಲೆ ಇಡಿ. ಮೌಸ್ ರಿಸೀವರನ್ನು ಮುಂದಿನ ಪೋರ್ಟಿಗೆ ಹಾಕಿ. ಕೇಬಲ್ ಸಿಗುವ ತನಕ ಹೊರಗಿನ ಡಿಸ್ಕನ್ನು ಕಪ್ಪು ಪೋರ್ಟಿಗೆ ಹಾಕಿ. ಕಾಪಿ ನಿಧಾನ ಆಗುತ್ತದೆ, ಗದ್ದಲ ಇರುವುದಿಲ್ಲ.

‘ಸಿಗ್ನಲ್ ಫುಲ್, ಪುಟ ಇಲ್ಲ’ ಎನ್ನುವುದು ಬೇರೆಯೇ ಕಥೆ. ಅದು ಆ ಕನ್ವರ್ಟರಿನದೇ ಕೆಲಸ. 127.0.0.1 ಅಂದರೆ ನಿಮ್ಮದೇ ಕಂಪ್ಯೂಟರು. ಬ್ರೌಸರು ಏನು ಕೇಳಿದರೂ ತನ್ನ ಮೂಲಕವೇ ಹೋಗಲಿ, ನಡುವೆ ಜಾಹೀರಾತು ತುರುಕಬಹುದು ಎಂದು ಅದು ಹೀಗೆ ದಾರಿ ತಿರುಗಿಸಿಟ್ಟಿದೆ. ಹುಡುಗ ಸಾಫ್ಟ್‌ವೇರ್ ತೆಗೆದ, ತಿರುಗಿಸಿದ ದಾರಿ ಹಾಗೇ ಉಳಿಯಿತು. ಆ ತುದಿಯಲ್ಲಿ ಯಾರೂ ಇಲ್ಲದಿದ್ದರೆ ಪುಟ ಬರುವುದಿಲ್ಲ. ಪಿಂಗ್ ಪ್ರಾಕ್ಸಿ ಮೂಲಕ ಹೋಗುವುದಿಲ್ಲ, ಅದಕ್ಕೇ ಅದು ಸರಿಯಾಗಿತ್ತು. ಪ್ರಾಕ್ಸಿ ಆಫ್ ಮಾಡಿ.

ಹಾಗೇ ಡಿಎನ್‌ಎಸ್ (ಸೈಟಿನ ಹೆಸರಿಗೆ ಅದರ ಅಂಕಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಕೂಡ ನೋಡಿ, ‘ತಾನಾಗಿ ಪಡೆ’ ಎಂದೇ ಇರಬೇಕು. ಹಿಂದೆ ಡಿಎನ್‌ಎಸ್ ಚೇಂಜರ್ ಅಂತ ಒಂದು ಕಳ್ಳ ಸಾಫ್ಟ್‌ವೇರ್ ಇತ್ತು. ಸುಮಾರು 40 ಲಕ್ಷ ಕಂಪ್ಯೂಟರುಗಳ ಡಿಎನ್‌ಎಸ್ ಬದಲಿಸಿಬಿಟ್ಟಿತ್ತು. 2011ರ ನವೆಂಬರಿನಲ್ಲಿ ಎಸ್ಟೋನಿಯಾದಲ್ಲಿ ಆ ಗುಂಪು ಸಿಕ್ಕಿಬಿತ್ತು. ಆದರೆ ಕಳ್ಳರ ಸರ್ವರುಗಳನ್ನು ಕೂಡಲೇ ನಿಲ್ಲಿಸುವಂತಿರಲಿಲ್ಲ, ನಿಲ್ಲಿಸಿದರೆ ಅಷ್ಟೂ ಜನರ ಇಂಟರ್‌ನೆಟ್ ಹೋಗುತ್ತಿತ್ತು. ಅದಕ್ಕೆ ಬದಲಿ ಸರ್ವರ್ ಇಟ್ಟು, 2012ರ ಜುಲೈ 9ರಂದು ಮುಚ್ಚಿದರು. ನಿಮ್ಮದೂ ಹಾಗೇ, ಕಳ್ಳ ಹೋದರೂ ಬಾಗಿಲು ಅವನು ತಿರುಗಿಸಿದ ಕಡೆಗೇ ಇದೆ.

ನಿಧಾನಕ್ಕೆ: ಎರಡೂ ಆಂಟಿವೈರಸ್ ತೆಗೆಯಿರಿ. ಒಂದೊಂದು ಫೈಲನ್ನೂ ಇಬ್ಬರು ಬಿಚ್ಚಿ ನೋಡುತ್ತಿದ್ದಾರೆ. ತೆಗೆದ ಮೇಲೆ ವಿಂಡೋಸಿನ ಡಿಫೆಂಡರ್ ತಾನೇ ಎದ್ದು ಕೂರುತ್ತದೆ, ನಮ್ಮ ಬಳಕೆಗೆ ಅದು ಸಾಕು. ಆಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿ ಡಿಸ್ಕಿನ ಆರೋಗ್ಯ ನೋಡಿ ಹೇಳಿ. ಅದರದ್ದೇ ಸೈಟಿನಿಂದ ಇಳಿಸಿ, ಜಾಹೀರಾತು ಒತ್ತಬೇಡಿ!

ನಿವೃತ್ತ ಮೇಷ್ಟ್ರು:
ಕೇಬಲ್ ಪೇಟೆಯಲ್ಲಿ ಸಿಕ್ಕಿತು. ಡಾಂಗಲ್ ಈಗ ಎಲೆಯಡಿಕೆ ತಟ್ಟೆಯ ಪಕ್ಕ ಕೂತಿದೆ. ಪಿಂಗ್ ಒಂದು ಗಂಟೆ ಬಿಟ್ಟೆ, ಕಾಪಿ ನಡೆಯುತ್ತಿದ್ದರೂ ಒಂದೂ ತಪ್ಪಲಿಲ್ಲ. ಮೌಸ್ ನೆಟ್ಟಗಾಯಿತು.

ಆದರೆ ಪ್ರಾಕ್ಸಿ ಆಫ್ ಮಾಡಿ, ಬೆಳಿಗ್ಗೆ ಕಂಪ್ಯೂಟರ್ ಹಾಕಿದಾಗ ನೋಡುತ್ತೇನೆ, ಅದು ಮತ್ತೆ ಆನ್! ಡಿಸ್ಕಿನ ಆರೋಗ್ಯ ಎನ್ನುವಲ್ಲಿ ಹಳದಿ ಬಣ್ಣದಲ್ಲಿ ‘ಕಾಷನ್’ ಎಂದಿದೆ.

ಸ್ಕ್ರೂಡ್ರೈವರ್:
ಪ್ರಾಕ್ಸಿ ತಾನಾಗಿ ಮರಳಿ ಬಂದರೆ ಇನ್ನೊಂದು ತುಂಡು ಒಳಗೆ ಉಳಿದಿದೆ ಎಂದೇ ಅರ್ಥ. ಹುಡುಗ ಮರ ಕಡಿದ, ಬೇರು ಉಳಿಯಿತು. ಟಾಸ್ಕ್ ಶೆಡ್ಯೂಲರ್ ತೆರೆದು ನೋಡಿ. ಲಾಗಿನ್ ಆದ ಕೂಡಲೇ ಓಡುವ, ಆ್ಯಪ್‌ಡೇಟಾ ಫೋಲ್ಡರಿನೊಳಗಿಂದ ಹೊರಡುವ, ಅರ್ಥವಿಲ್ಲದ ಹೆಸರಿನ ಕೆಲಸ ಇದ್ದರೆ ಡಿಸೇಬಲ್ ಮಾಡಿ. ಆಮೇಲೆ ಡಿಫೆಂಡರಿನ ‘ಆಫ್‌ಲೈನ್ ಸ್ಕ್ಯಾನ್’ ಕೊಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ಎದ್ದ ಮೇಲೆ ಅಡಗುವಂಥವು ಆಗ ಸಿಗುತ್ತವೆ. ಬ್ರೌಸರಿನಲ್ಲಿ ನೋಟಿಫಿಕೇಷನ್ ಅನುಮತಿ ಪಡೆದ ಸೈಟುಗಳನ್ನೂ ತೆಗೆಯಿರಿ. ‘5 ವೈರಸ್’ ಪೆಟ್ಟಿಗೆ ಹೆಚ್ಚಾಗಿ ಅಲ್ಲಿಂದಲೇ ಬರುವುದು.

ನಿವೃತ್ತ ಮೇಷ್ಟ್ರು:
‘ಅಪ್ಡೇಟರ್’ ಎಂಬ ಹೆಸರಿನ ಹಿಂದೆ ಬಾಲದಂತೆ ಅಂಕಿಗಳಿದ್ದ ಒಂದು ಸಿಕ್ಕಿತು. ಕನ್ವರ್ಟರ್ ಹಾಕಿದ ದಿನದ್ದೇ ತಾರೀಖು. ಸ್ಕ್ಯಾನಿನಲ್ಲಿ ಒಂದು ಟ್ರೋಜನ್ (ಒಳ್ಳೆಯದರ ವೇಷದಲ್ಲಿ ಒಳನುಗ್ಗುವ ಕಳ್ಳ ಸಾಫ್ಟ್‌ವೇರ್) ಎಂದು ತೋರಿಸಿ ತೆಗೆಯಿತು. ಮೂರು ಸಲ ರೀಸ್ಟಾರ್ಟ್ ಮಾಡಿದೆ, ಪ್ರಾಕ್ಸಿ ಆಫ್ ಆಗಿಯೇ ಇದೆ. ಕಂಪ್ಯೂಟರ್ ಮಾತ್ರ ನಿಧಾನವೇ.

ಸ್ಕ್ರೂಡ್ರೈವರ್:
ಟ್ರೋಜನ್ ಸಿಕ್ಕಿದ ಮೇಲೆ ನಾನೂ ಮಾತು ಬದಲಿಸುತ್ತೇನೆ. ಮಧ್ಯರಾತ್ರಿ ಕೋಡ್ ಹೇಳಿದ್ದೇ ಸರಿ, ಹೊಸದಾಗಿ ವಿಂಡೋಸ್ ಹಾಕೋಣ. ಇನ್ನೇನು ಬಿಟ್ಟು ಹೋಗಿದೆ ಎಂದು ದಿನಾ ಅನುಮಾನ ಪಡುವುದು ಬೇಡ. ಆದರೆ ಹಳೆಯ ಡಿಸ್ಕಿಗಲ್ಲ. ಹಳದಿ ಕಾಷನ್ ಅಂದರೆ ಓದಲಾಗದ ಜಾಗಗಳು ಹುಟ್ಟುತ್ತಿವೆ. ಒಂದೊಂದನ್ನೂ ಮತ್ತೆ ಮತ್ತೆ ಓದಲು ಹೋಗಿಯೇ 100 ಪರ್ಸೆಂಟ್. ಹಾರ್ಡ್ ಡಿಸ್ಕಿನ ಬದಲು ಹಾಕುವ, ತಿರುಗುವ ಭಾಗವಿಲ್ಲದ ವೇಗದ ಡ್ರೈವು, 256 ಜಿಬಿಯ ಸಾಟಾ ಎಸ್‌ಎಸ್‌ಡಿ ಸಾಕು. ಕೈಯಲ್ಲಿ ಹಣ ಇದ್ದರೆ 4 ಜಿಬಿ ರ‍್ಯಾಮ್ ಇನ್ನೊಂದು.

ಪೆನ್‌ಡ್ರೈವಿಗೆ ವಿಂಡೋಸ್ ಇಳಿಸುವುದನ್ನು ಬೇರೆ ಕಂಪ್ಯೂಟರಿನಲ್ಲಿ, ಮೈಕ್ರೋಸಾಫ್ಟ್ ಸೈಟಿನಿಂದ ಮಾಡಿ. ಏಳನೇ ಜನರೇಷನ್ ಐ3ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ವಿಂಡೋಸ್ 10ರ ಮಾಮೂಲಿ ಅಪ್ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಅದಕ್ಕೆ ಇನ್‌ಸ್ಟಾಲ್ ಆದ ಮೇಲೆ ವಿಸ್ತರಿತ ಸುರಕ್ಷಾ ಅಪ್ಡೇಟಿಗೆ ನೋಂದಾಯಿಸಿ, 2026ರ ಅಕ್ಟೋಬರ್ 13ರ ತನಕ ಬರುತ್ತದೆ. ಹಳೆಯ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಡಿ, ಎಸೆಯಬೇಡಿ. ಕಾಪಿಯಾದ ಫೈಲುಗಳು ತೆರೆಯುತ್ತವೆ ಎಂದು ಒಂದೊಂದಾಗಿ ನೋಡಿದ ಮೇಲೆ ಯೋಚಿಸಿದರಾಯಿತು.

ಮಧ್ಯರಾತ್ರಿ ಕೋಡ್:
ನಾನು ಮೊದಲೇ ಹೇಳಿರಲಿಲ್ವಾ! ಆದರೆ ಯುಎಸ್‌ಬಿ 3 ವಿಷಯ ನನಗೂ ಗೊತ್ತಿರಲಿಲ್ಲ. ನನ್ನ ಕೀಬೋರ್ಡ್ ಅಕ್ಷರ ನುಂಗುತ್ತಿತ್ತು, ಈಗ ರಿಸೀವರ್ ಮುಂದಕ್ಕೆ ಹಾಕಿದೆ.

ನಿವೃತ್ತ ಮೇಷ್ಟ್ರು:
ಹುಡುಗ ಎಸ್‌ಎಸ್‌ಡಿ ಕೂರಿಸಿಕೊಟ್ಟ. ಸ್ವಿಚ್ ಹಾಕಿ ಕನ್ನಡಕ ಹುಡುಕಿ ಬರುವಷ್ಟರಲ್ಲಿ ಕಂಪ್ಯೂಟರ್ ಸಿದ್ಧ. ಹೊರಗಿನ ಡಿಸ್ಕನ್ನು ಡಿಫೆಂಡರಿನಲ್ಲಿ ನೋಡಿದ ಮೇಲೆಯೇ ತೆರೆದೆ. 112 ಪ್ರಸಂಗಗಳಲ್ಲಿ ಎರಡು ತೆರೆಯಲಿಲ್ಲ. ಅವುಗಳ ಪ್ರಿಂಟ್ ಇದೆ, ಮತ್ತೆ ಟೈಪ್ ಮಾಡುತ್ತೇನೆ. ಈ ಸಲ ಏನನ್ನೂ ಇಳಿಸದೆ, ಬ್ರೌಸರಿನಲ್ಲೇ ಕನ್ವರ್ಟ್ ಮಾಡುವ ಪುಟ ಬಳಸುತ್ತಿದ್ದೇನೆ. ಹೆಚ್ಚಿನವು ಸರಿ ಬರುತ್ತಿವೆ, ಅರ್ಕಾವತ್ತು ಇದ್ದ ಕಡೆ ಮಾತ್ರ ಅಕ್ಷರ ಹಿಂದೆ ಮುಂದೆ ಆಗುತ್ತಿದೆ. ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ, ನೋಡಿ.