ಹಿರಿಯರ ನಿವಾಸದ ಸುದ್ದಿಪತ್ರ: ಅಕ್ಷರ ಎಷ್ಟು ದೊಡ್ಡದಿರಬೇಕು, ಯಾರ ಸುದ್ದಿ ಎಷ್ಟು ಹಾಕಬೇಕು?

ಪುಟಕಟ್ಟು (ಪ್ರಶ್ನೆ)

ಹಿರಿಯರ ನಿವಾಸವೊಂದರ ತಿಂಗಳ ಸುದ್ದಿಪತ್ರವನ್ನು ಹೊಸದಾಗಿ ರೂಪಿಸಬೇಕಿದೆ. ನಿವಾಸಿಗಳು 60 ಜನ, ಅರ್ಧಕ್ಕರ್ಧ 80 ದಾಟಿದವರು. ಈಗಿರುವುದು ಎರಡು ಎ4 ಹಾಳೆ, ಎರಡೂ ಬದಿ ಅಚ್ಚು, 12 ಪಾಯಿಂಟ್ ಅಕ್ಷರ, ಮೂಲೆಗೊಂದು ಪಿನ್. ಹಂಚಿದ ಮೇಲೂ "ಇವತ್ತು ಏನಿದೆ, ಎಷ್ಟು ಗಂಟೆಗೆ?" ಅಂತ ಕೌಂಟರಿಗೆ ಬಂದು ಕೇಳುವುದು ನಿಂತಿಲ್ಲ ಅಂದರೆ ಪತ್ರ ಯಾರಿಗೂ ತಲುಪುತ್ತಿಲ್ಲ ಎಂದೇ ಅರ್ಥ.

ಅಕ್ಷರ, ಕಾಗದ, ಮಡಿಕೆ ಹೇಗಿರಬೇಕು? ಹುಟ್ಟುಹಬ್ಬ, ಆಸ್ಪತ್ರೆ, ಸಾವು, ಹೊಸಬರ ಪರಿಚಯ ಇವುಗಳಲ್ಲಿ ಯಾವುದನ್ನು ಎಷ್ಟು ಬರೆಯಬಹುದು? ಕಣ್ಣು ಪೂರ್ತಿ ಮಂಜಾದವರಿಗೆ ಏನು ದಾರಿ? ಈ ಕೆಲಸ ಗೊತ್ತಿರುವವರು ಹೇಳಿ.

ಅಚ್ಚುಮೊಳೆ

ಮೊದಲು ಅಕ್ಷರದ ವಿಷಯ. ಇಂಗ್ಲಿಷಿನ ದೊಡ್ಡಕ್ಷರದ ಅಚ್ಚಿಗೆ 16ರಿಂದ 18 ಪಾಯಿಂಟ್ ಅನ್ನುವುದು ರೂಢಿಯ ಲೆಕ್ಕ. ಕನ್ನಡಕ್ಕೆ 17ಕ್ಕಿಂತ ಇಳಿಯಬೇಡಿ. ದ-ಧ, ಬ-ಭ, ಡ-ಢ ಇವುಗಳ ವ್ಯತ್ಯಾಸವೆಲ್ಲ ಅಡಿಯಲ್ಲಿರುವ ಒಂದು ಸೀಳಿನಲ್ಲಿದೆ. ಅಕ್ಷರ ಸಣ್ಣದಾದರೆ ಮೊದಲು ಮುಚ್ಚಿಹೋಗುವುದು ಆ ಸೀಳೇ. ಹಾಗಾಗಿ ಇಡೀ ಪ್ಯಾರಾವನ್ನು ದಪ್ಪಕ್ಷರದಲ್ಲಿ ಕೊಟ್ಟು ಉಪಕಾರ ಮಾಡಿದೆವು ಅಂದುಕೊಳ್ಳಬೇಡಿ, ದಪ್ಪ ಮಾಡಿದಾಗ ಒಳಗಿನ ಕಿಂಡಿಗಳು ತುಂಬಿಕೊಳ್ಳುತ್ತವೆ. ದಪ್ಪಕ್ಷರ ತಲೆಬರಹಕ್ಕಷ್ಟೇ. ವಾಲಿಸಿದ ಅಕ್ಷರವಂತೂ ಬೇಡವೇ ಬೇಡ. ಫಾಂಟಿನಲ್ಲಿ ಬೇರೆಯಾಗಿ ಬರೆದ ವಾಲಕ್ಷರ ಇಲ್ಲದಿದ್ದರೆ ತಂತ್ರಾಂಶ ನೆಟ್ಟಗಿರುವುದನ್ನೇ ಬಗ್ಗಿಸಿ ತೋರಿಸುತ್ತದೆ, ಅಷ್ಟೆ. ಗೆರೆಯ ದಪ್ಪ ಒಂದೇ ಸಮನಾಗಿರುವ ನೋಟೊ ಸಾನ್ಸ್ ಕನ್ನಡ, ಇಲ್ಲವೇ ವಿಂಡೋಸಿನಲ್ಲೇ ಬರುವ ನಿರ್ಮಲಾ ಸಾಕು.

ಎಲ್ಲರೂ ಎಡವುವುದು ಸಾಲಿನ ಅಂತರದಲ್ಲಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಓದುವ ಕಣ್ಣು ಸಾಲು ತಪ್ಪುತ್ತದೆ. ಹಾಗೆಂದು ವರ್ಡ್‌ನಲ್ಲಿ 1.5 ಅಂತ ಕೊಟ್ಟರೆ ಫಾಂಟಿನೊಳಗೇ ಇರುವ ಅಂತರಕ್ಕೂ ಅದು ಗುಣಿಸಿಕೊಂಡು ಪುಟ ಖಾಲಿಖಾಲಿ ಕಾಣುತ್ತದೆ. 'ಎಕ್ಸಾಕ್ಟ್‌ಲಿ' ಆರಿಸಿ 17 ಪಾಯಿಂಟಿಗೆ 26 ಕೊಡಿ. ಅದಕ್ಕಿಂತ ಬಿಗಿ ಮಾಡಿದರೆ ಅಕ್ಷರದ ತುದಿಗಳೇ ಕತ್ತರಿಸಿಹೋಗಬಹುದು. 'ಸ್ತ್ರೀ', 'ರಾಷ್ಟ್ರ', 'ಕೃತ್ಯ' ಬರುವ ಎರಡು ಸಾಲು ಅಚ್ಚು ಹಾಕಿ ನೋಡಿ, ತಾಗುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಸುತ್ತ 2 ಸೆಂ.ಮೀ. ಅಂಚು ಬಿಟ್ಟ ಎ4 ಪುಟದಲ್ಲಿ ಹೀಗೆ 28 ಸಾಲು ಬರುತ್ತದೆ, ಸಾಲಿಗೆ ಆರೇಳು ಪದ. ತಲೆಬರಹ ಕಳೆದರೆ ಪುಟಕ್ಕೆ ಸುಮಾರು 150 ಪದ. ನಾಲ್ಕು ಪುಟಕ್ಕೆ 600. ಬರೆಯುವವರಿಗೆ ಈ ಲೆಕ್ಕ ಮೊದಲೇ ಹೇಳಿಬಿಡಿ. 1,200 ಪದ ತಂದುಕೊಟ್ಟರೆ ಕೊನೆಗೆ ಸೊರಗುವುದು ಅಕ್ಷರದ ಗಾತ್ರವೇ.

ಪುಟವನ್ನು ಎರಡು ಅಂಕಣ ಮಾಡಬೇಡಿ, ಈ ಗಾತ್ರದಲ್ಲಿ ಸಾಲಿಗೆ ಮೂರು ಪದ ಮಾತ್ರ ಉಳಿಯುತ್ತದೆ. ಎರಡೂ ಅಂಚಿಗೆ ಸರಿಹೊಂದಿಸುವುದೂ ಬೇಡ. ನಮ್ಮ ಪದಗಳು ಉದ್ದ, ನಡುವೆ ಗುಂಡಿ ಬೀಳುತ್ತದೆ. ಎಡಕ್ಕೆ ಹೊಂದಿಸಿ ಬಲವನ್ನು ಹಾಗೇ ಬಿಡಿ. ಸಮಯ, ದಿನಾಂಕಕ್ಕೆ 1, 2, 3 ಬಳಸಿ. ಗಡಿಯಾರದಲ್ಲೂ ಫೋನಿನಲ್ಲೂ ಕಾಣುವುದು ಅದೇ, ಮೇಲಾಗಿ ಕನ್ನಡದ ಸೊನ್ನೆ ನೋಡಲು ಅನುಸ್ವಾರದ ಹಾಗೇ ಇದೆ.

ಬಣ್ಣದ ಬಗ್ಗೆ ಒಂದೇ ಮಾತು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗಿ ನೀಲಿ, ನೇರಳೆ ಮಂಕಾಗುತ್ತವೆ. ತಿಳಿನೀಲಿ ತಲೆಬರಹ, ಬೂದು ಅಡಿಬರಹ, ಅಕ್ಷರದ ಹಿಂದೆ ಹೂವಿನ ಚಿತ್ರ, ಮೂರನ್ನೂ ಕೈಬಿಡಿ. ಕೆನೆಬಣ್ಣದ ಮ್ಯಾಟ್ ಕಾಗದದ ಮೇಲೆ ಕಪ್ಪು. ಕಾಗದದ ತೂಕ 100 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಇರಲಿ. 70ರದ್ದಾದರೆ ಹಿಂಬದಿಯ ಅಚ್ಚು ಇಣುಕುತ್ತದೆ, ನುಣುಪು ಕಾಗದವಾದರೆ ದೀಪ ಪ್ರತಿಫಲಿಸುತ್ತದೆ.

ಮೂಲೆಯ ಪಿನ್ ತೆಗೆದುಹಾಕಿ. ಸಂಧಿವಾತದ ಬೆರಳಿಗೆ, ನಡುಗುವ ಕೈಗೆ ಪಿನ್ ಹಾಕಿದ ಹಾಳೆಯನ್ನು ಹಿಂದಕ್ಕೆ ಮಡಚಿ ಹಿಡಿದುಕೊಳ್ಳುವುದು ಸಾಹಸವೇ ಸರಿ. ಎ3 ಹಾಳೆಯನ್ನು ಒಮ್ಮೆ ಮಡಿಸಿದರೆ ನಾಲ್ಕು ಪುಟ ಆಯಿತು, ಪಿನ್ನೇ ಬೇಕಿಲ್ಲ.

ಮೂರನೇಮಹಡಿ

ಅಕ್ಷರ ಹೇಗೋ ಸರಿಯಾಗುತ್ತದೆ. ಜಗಳ ಹುಟ್ಟುವುದು ನಿವಾಸಿಗಳ ಸುದ್ದಿಯಲ್ಲಿ.

ಒಪ್ಪಿಗೆ ಪತ್ರದಲ್ಲಿ "ಸುದ್ದಿಪತ್ರದಲ್ಲಿ ನನ್ನ ಹೆಸರು ಬರಬಹುದು" ಎಂಬ ಒಂದೇ ಸಾಲು ಇದ್ದರೆ ಅದು ಯಾವುದಕ್ಕೂ ಸಾಲದು. ಹುಟ್ಟುಹಬ್ಬ, ಫೋಟೊ, ಪರಿಚಯ ಲೇಖನ, ಆರೋಗ್ಯದ ಸುದ್ದಿ, ಫೋನ್ ಗುಂಪಿಗೆ ಕಳಿಸುವುದು, ಒಂದೊಂದಕ್ಕೂ ಬೇರೆ ಬೇರೆ 'ಹೌದು/ಬೇಡ' ಇರಲಿ. ವರ್ಷಕ್ಕೊಮ್ಮೆ ಮತ್ತೆ ಕೇಳಿ. ಫೋನ್ ಗುಂಪಿನದು ಮುಖ್ಯ: ಕಾಗದ ಕಟ್ಟಡದೊಳಗೇ ಇರುತ್ತದೆ, ಪಿಡಿಎಫ್ ಎಲ್ಲಿಗೆ ಬೇಕಾದರೂ ಹೋಗುತ್ತದೆ.

ಹುಟ್ಟುಹಬ್ಬಕ್ಕೆ ದಿನ, ತಿಂಗಳು ಸಾಕು. ಪೂರ್ತಿ ಹೆಸರು, ಪೂರ್ತಿ ಜನ್ಮದಿನಾಂಕ ಒಟ್ಟಿಗೆ ಸಿಕ್ಕರೆ ಫೋನಿನಲ್ಲಿ ಬ್ಯಾಂಕಿನವರೆಂದು ನಂಬಿಸುವವರಿಗೆ ಅರ್ಧ ಕೆಲಸ ಮುಗಿಸಿಕೊಟ್ಟಂತೆ. ಕೋಣೆಯ ಸಂಖ್ಯೆ ಬೇಡ. "ಮಗಳ ಮನೆಗೆ ಎರಡು ವಾರ ಹೋಗಿದ್ದಾರೆ" ಎಂಬ ಸಾಲನ್ನು ಅವರು ವಾಪಸು ಬಂದ ಮೇಲೆ ಹಾಕಿ. ಹೋಗುವಾಗ ಹಾಕಿದರೆ ಅದು ಖಾಲಿ ಕೋಣೆಯ ಜಾಹೀರಾತು.

ಮರೆವಿನ ಕಾಯಿಲೆ ಇರುವವರ ಒಪ್ಪಿಗೆ ಒಮ್ಮೆ ಪಡೆದು ಮುಗಿಯುವಂಥದ್ದಲ್ಲ. ಪ್ರತಿ ಸಲ ಹಾಕಬೇಕೆಂದಿರುವ ಫೋಟೊವನ್ನೇ ತೋರಿಸಿ ಕೇಳಿ. ಮನೆಯವರು ಹೂಂ ಅಂದಿದ್ದರೂ ಆ ನಿವಾಸಿ ಬೇಡವೆಂಬಂತೆ ತಲೆ ಅಲ್ಲಾಡಿಸಿದರೆ ಅದು ಬೇಡ ಎಂದೇ.

ಸಾವಿನ ಸುದ್ದಿಗೆ ಕ್ರಮ ಮುಖ್ಯ. ಪಕ್ಕದ ಕೋಣೆಯವರಿಗೆ, ಊಟದ ಮೇಜಿನ ಜೊತೆಗಾರರಿಗೆ ಅದೇ ದಿನ ಎದುರು ಕೂತು ಹೇಳಬೇಕು. ಅವರು ಫಲಕ ನೋಡಿ ತಿಳಿದುಕೊಳ್ಳುವ ಹಾಗೆ ಆಗಬಾರದು. ಆಮೇಲೆ, ಮನೆಯವರು ಒಪ್ಪಿದರೆ, ಕೌಂಟರಿನ ಬಳಿ ಎ5 ಗಾತ್ರದ ಒಂದು ಕಾರ್ಡು: ಹೆಸರು, ದಿನಾಂಕ, ಅಂತಿಮ ದರ್ಶನ ಎಲ್ಲಿ, ಎಷ್ಟು ಗಂಟೆಗೆ. ಏಳು ದಿನ ಇಡುತ್ತೇವೆ ಎಂದರೆ ಏಳೇ ದಿನ, ಎಲ್ಲರಿಗೂ ಒಂದೇ ಸಮ. ಒಬ್ಬರ ಕಾರ್ಡು ಮೂರು ದಿನ, ಇನ್ನೊಬ್ಬರದು ಹತ್ತು ದಿನ ಇದ್ದರೆ ಜನ ಅದನ್ನು ಎಣಿಸುತ್ತಾರೆ. ಸುದ್ದಿಪತ್ರಕ್ಕೆ ಬರುವುದು ಕೊನೆಗೆ, ಪ್ರತ್ಯೇಕ ಚೌಕದಲ್ಲಿ, ಹುಟ್ಟುಹಬ್ಬ ಅಥವಾ ಪದಬಂಧದ ಪಕ್ಕ ಅಲ್ಲ. ಕಾರಣ ಬರೆಯಬೇಡಿ. ಮಾತು ತೂಗಿ ಬಳಸಿ: "ನಮ್ಮನ್ನು ಬಿಟ್ಟು ಹೋದರು" ಅಂದರೆ ಕೋಣೆ ಖಾಲಿ ಮಾಡಿ ಬೇರೆ ಕಡೆ ಹೋದರು ಅಂತಲೂ ಓದಿಕೊಳ್ಳಬಹುದು. ಬೇರೆ ಕಡೆ ವಾಸಕ್ಕೆ ಹೋದವರಿಗೆ "ಬೇರೆಡೆಗೆ ತೆರಳಿದರು", ತೀರಿಕೊಂಡವರಿಗೆ "ನಿಧನರಾದರು". ಗೊಂದಲಕ್ಕೆ ಜಾಗ ಬೇಡ.

ಅತಿ ಕೆಟ್ಟ ತಪ್ಪು ಯಾವುದೆಂದರೆ, ತಿಂಗಳ ಮೊದಲೇ ಸಿದ್ಧವಾದ ಹುಟ್ಟುಹಬ್ಬದ ಪಟ್ಟಿಯಲ್ಲಿ ಈಚೆಗೆ ತೀರಿಕೊಂಡವರ ಹೆಸರು ಉಳಿದುಬಿಡುವುದು. ಅಚ್ಚಿಗೆ ಕಳಿಸುವ ದಿನ ಬೆಳಿಗ್ಗೆ, ಕೌಂಟರಿನ ಆ ದಿನದ ನಿವಾಸಿ ಪಟ್ಟಿ ಹಿಡಿದು ಒಂದೊಂದು ಹೆಸರಿಗೂ ಗುರುತು ಹಾಕಿ. ಹುಟ್ಟುಹಬ್ಬದ ಪಟ್ಟಿಯನ್ನು ನಾಲ್ಕು ಪುಟದೊಳಗೆ ಸೇರಿಸದೆ ಬಿಡಿ ಹಾಳೆಯಲ್ಲಿಟ್ಟರೆ ಕೊನೆ ಗಳಿಗೆಯಲ್ಲೂ ಅದೊಂದನ್ನೇ ಮತ್ತೆ ಅಚ್ಚು ಹಾಕಬಹುದು. ಹೆಸರಿನ ಮೇಲೆ ಬಿಳಿ ಚೀಟಿ ಅಂಟಿಸಿ ಹಂಚುವುದು ಮಾತ್ರ ಬೇಡ, ಎಲ್ಲರೂ ಬೆಳಕಿಗೆ ಹಿಡಿದು ನೋಡುತ್ತಾರೆ.

ಪುಟಕಟ್ಟು

ಇಬ್ಬರಿಗೂ ವಂದನೆ. ಮೂರು ತೊಡಕು ಉಳಿದಿವೆ. ಎ3 ಮುದ್ರಕ ಇಲ್ಲ. ಹಳೆಯ ಕಡತಗಳೆಲ್ಲ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿವೆ, ಫೋನಿಗೆ ಕಳಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮೂರನೆಯದು, ಆಸ್ಪತ್ರೆಯ ಸುದ್ದಿ ಹಾಕದಿದ್ದರೆ "ನಿಮ್ಮ ಪತ್ರದಲ್ಲಿ ಏನಿದೆ?" ಅನ್ನುತ್ತಾರೆ. ಎಲ್ಲರಿಗೂ ತಿಳಿಯಬೇಕಾಗಿರುವುದು ಅದೇ.

ಅಚ್ಚುಮೊಳೆ

ಎ3 ಇಲ್ಲದಿದ್ದರೆ ನಾಲ್ಕು ಪುಟದ ಹಟ ಬಿಡಿ. ಹದಿನೈದು ದಿನಕ್ಕೊಂದು ಎ4 ಹಾಳೆ, ಎರಡು ಬದಿ. ತಿಂಗಳಿಗೆ ಅದೇ 600 ಪದ, ಮಡಿಕೆಯಿಲ್ಲ, ಪಿನ್ನಿಲ್ಲ, ಸುದ್ದಿಯೂ ಹಳಸುವುದಿಲ್ಲ. ನಿಜ ಹೇಳಬೇಕೆಂದರೆ ಎ3 ಇದ್ದರೂ ಇದೇ ವಾಸಿ.

ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಅಸಲಿ ಬಣ್ಣ ಬಯಲಾಗುತ್ತದೆ. ಪರದೆ ಓದುವ ತಂತ್ರಾಂಶವೂ ಅದನ್ನು ಓದಲಾರದು. ಪರಿವರ್ತಕದಿಂದ ಯುನಿಕೋಡಿಗೆ (ಎಲ್ಲ ಫೋನು, ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತಕ್ಕೆ) ತನ್ನಿ, ಆಮೇಲೆ ಅರ್ಕಾವತ್ತು ಇರುವ ಪದಗಳನ್ನೂ ಉದ್ಧರಣ ಚಿಹ್ನೆಗಳನ್ನೂ ಕಣ್ಣಾರೆ ನೋಡಿ. ಕೆಡುವುದು ಹೆಚ್ಚಾಗಿ ಅಲ್ಲೇ. ಫೋನಿಗೆ ಪಿಡಿಎಫ್ ಜೊತೆ ಅದೇ ಬರಹವನ್ನು ಸಾದಾ ಸಂದೇಶವಾಗಿಯೂ ಕಳಿಸಿ. ಕನ್ನಡದ ಪಿಡಿಎಫ್‌ನಿಂದ ಅಕ್ಷರ ಎತ್ತಿಕೊಳ್ಳುವಾಗ ಕ್ರಮ ತಪ್ಪುವುದು ಮಾಮೂಲಿ.

ಕೌಂಟರಿನ ಪ್ರಶ್ನೆ ನಿಲ್ಲಬೇಕಿದ್ದರೆ ಕಾರ್ಯಕ್ರಮದ ಹಾಳೆ ಬೇರೆಯೇ ಇರಬೇಕು. ಏಳು ಮನೆಯ ಕ್ಯಾಲೆಂಡರ್ ಚೌಕಟ್ಟು ಹಾಕಬೇಡಿ. ಎ4ರಲ್ಲಿ ಒಂದು ಮನೆಗೆ ಎರಡೂವರೆ ಸೆಂ.ಮೀ. ಅಗಲವೂ ಸಿಗದು, 17 ಪಾಯಿಂಟಿನಲ್ಲಿ 'ಸಭಾಂಗಣ' ಅನ್ನುವ ಒಂದೇ ಪದಕ್ಕೆ ಉಸಿರು ಕಟ್ಟುತ್ತದೆ. ವಾರಕ್ಕೊಂದು ಪುಟ, ದಿನಕ್ಕೊಂದು ಸಾಲು: "ಮಂಗಳವಾರ 14, ಬೆಳಿಗ್ಗೆ 10:30, ಕಣ್ಣಿನ ತಪಾಸಣೆ, ನೆಲಮಹಡಿ ಸಭಾಂಗಣ". 'ನಾಳೆ', 'ಬರುವ ಭಾನುವಾರ' ಅಂತ ಬರೆಯಬೇಡಿ, ಹಾಳೆ ಬಾಗಿಲಿನ ಮೇಲೆ ಏಳು ದಿನ ತೂಗುತ್ತದೆ. ಹೋದ ತಿಂಗಳ ಕಡತ ನಕಲಿಸಿ ತಿದ್ದುವಾಗ ವಾರ-ದಿನಾಂಕ ಹೊಂದದೆ ಹೋಗುವುದು ಸಾಮಾನ್ಯ. 31 ದಿನದ ತಿಂಗಳ ನಂತರ ಅದೇ ದಿನಾಂಕದ ವಾರ ಮೂರು ದಿನ ಮುಂದೆ ಬೀಳುತ್ತದೆ (ಸೋಮವಾರ ಇದ್ದದ್ದು ಗುರುವಾರ), 30ರದ್ದಾದರೆ ಎರಡು ದಿನ. ಅಧಿಕ ವರ್ಷ ಅಲ್ಲದಿದ್ದರೆ ಫೆಬ್ರವರಿಯಿಂದ ಮಾರ್ಚ್‌ಗೆ ಏನೂ ಬದಲಾಗದು. ಆ ಒಂದು ಸಲ ಸರಿಹೋಗಿದ್ದನ್ನು ನಂಬಿ ಏಪ್ರಿಲ್‌ನಲ್ಲಿ ಮುಗ್ಗರಿಸುತ್ತಾರೆ.

ದನಿಪೆಟ್ಟಿಗೆ

ಓದಲಾಗದವರಿಗೆ ಧ್ವನಿಮುದ್ರಣ. ಫೋನೇ ಸಾಕು. ದನಿ ಪ್ರತಿಧ್ವನಿಸದಂತೆ ಕಿಟಕಿಪರದೆ, ಹಾಸಿಗೆ ಇರುವ ಕೋಣೆಯಲ್ಲಿ ಕೂತು, ಫೋನನ್ನು ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ. ನೇರ ಎದುರು ಹಿಡಿದರೆ ಪ, ಬ, ಫ ಬಂದಾಗಲೆಲ್ಲ ಗಾಳಿ ಬಡಿಯುತ್ತದೆ. ವಯಸ್ಸಿನ ಕಿವುಡಿನಲ್ಲಿ ಮೊದಲು ಕಳೆದುಹೋಗುವುದು ಹೆಚ್ಚು ಕಂಪನಾಂಕದ ಕೀಚು ದನಿ, ಅಂದರೆ ಸ, ಶ, ಚ, ತ ಇಂಥ ವ್ಯಂಜನಗಳು. ಕೂಗಿದರೆ ಜೋರಾಗುವುದು ಹೆಚ್ಚಾಗಿ ಅ, ಆ, ಇ ಇಂಥ ಸ್ವರಗಳು, ಮಾತು ತಿಳಿಯಾಗುವುದಿಲ್ಲ. ನಿಧಾನವಾಗಿ, ಪದದ ಕೊನೆ ನುಂಗದೆ ಓದಿ. 600 ಪದಕ್ಕೆ ಏಳೆಂಟು ನಿಮಿಷ ಹಿಡಿಯಲಿ. ಹಿನ್ನೆಲೆ ಸಂಗೀತ ಸುತರಾಂ ಬೇಡ. ಹನ್ನೊಂದು, ಹನ್ನೆರಡು ಕಿವಿಗೆ ಒಂದೇ ಥರ ಬೀಳುತ್ತವೆ, ಅದಕ್ಕೆ ಸಮಯವನ್ನು ಎರಡು ಸಲ ಹೇಳಿ. ಒಂದೊಂದು ಸುದ್ದಿಗೂ ಬೇರೆ ಕಡತ ಮಾಡಿದರೆ ಬೇಕಾದ್ದನ್ನಷ್ಟೇ ಮತ್ತೆ ಕೇಳಬಹುದು.

ಗೋಡೆಯ ಫಲಕದ ಬಗ್ಗೆ ಯಾರೂ ಹೇಳಲಿಲ್ಲ. ಎರಡು ಭಾಗದ ಕನ್ನಡಕದಲ್ಲಿ ಓದುವ ಗಾಜು ಕೆಳಗಿರುತ್ತದೆ. ಫಲಕ ಕಣ್ಣಿಗಿಂತ ಮೇಲಿದ್ದರೆ ಗದ್ದ ಎತ್ತಿ ಕತ್ತು ಹಿಂದಕ್ಕೆ ಬಾಗಿಸಬೇಕು, ತಲೆ ಸುತ್ತುವವರಿಗೆ ಅದು ಅಪಾಯ. ಫಲಕದ ನಡುಭಾಗ ನೆಲದಿಂದ 120-130 ಸೆಂ.ಮೀ. ಇದ್ದರೆ ಗಾಲಿಕುರ್ಚಿಯವರಿಗೂ ನಿಂತವರಿಗೂ ಆಗುತ್ತದೆ. ಅದರ ಮುಂದೆ ಹೂಕುಂಡ, ಬೆಂಚು ಇಡಬೇಡಿ. ಪ್ರತಿ ಚೀಟಿಯ ಮೂಲೆಯಲ್ಲಿ ತೆಗೆಯಬೇಕಾದ ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆದಿಡಿ.

ಮೂರನೇಮಹಡಿ

ಆಸ್ಪತ್ರೆಯ ಸುದ್ದಿಗೆ: ಅವರು ಒಪ್ಪಿದ್ದರೆ "ಇಂಥವರು ಆಸ್ಪತ್ರೆಯಲ್ಲಿದ್ದಾರೆ, ಪತ್ರ ಬರೆಯುವವರು ಕೌಂಟರಿನಲ್ಲಿ ಕೊಡಿ" ಇಷ್ಟೇ. ಕಾಯಿಲೆಯ ಹೆಸರಿಲ್ಲ. ಒಪ್ಪದಿದ್ದರೆ ಏನೂ ಇಲ್ಲ, ಯಾರೆಷ್ಟೇ ಕೇಳಲಿ.

ಪತ್ರದಲ್ಲಿ ಉಳಿಯುವುದೇನು ಅಂದರೆ, ನಿವಾಸಿಗಳ ಸಭೆಯ ಅಹವಾಲುಗಳು. ಮೂರು ಸಾಲು ಸಾಕು: ಬಂದ ದೂರು, ನೋಡುವವರು ಯಾರು, ಯಾವ ದಿನದೊಳಗೆ ಉತ್ತರ. ದೂರು ಕೊಟ್ಟವರ ಹೆಸರು ಬೇಡ. "ಪರಿಶೀಲನೆಯಲ್ಲಿದೆ" ಎಂಬ ಪದ ಎರಡು ಸಂಚಿಕೆಯಲ್ಲಿ ಒಂದೇ ದೂರಿನ ಮುಂದೆ ಬಂದರೆ ಓದುವವರು ಆ ಅಂಕಣವನ್ನೇ ಬಿಡುತ್ತಾರೆ. ಬಿಸಿನೀರು, ಲಿಫ್ಟ್ ರಿಪೇರಿಯ ಸುದ್ದಿಯನ್ನು ಪತ್ರಕ್ಕೆ ಮಾತ್ರ ಬಿಡದೆ ಪ್ರತಿ ಮಹಡಿಯ ಲಿಫ್ಟ್ ಬಾಗಿಲಿಗೂ ಎರಡು ದಿನ ಮೊದಲೇ ಅಂಟಿಸಿ.

ಹೊಸಬರ ಪರಿಚಯವನ್ನು 70 ಪದದಲ್ಲಿ ಬರೆಯಿರಿ. ನಿವೃತ್ತಿಗೆ ಮುಂಚಿನ ಹುದ್ದೆ, ಬಿರುದು ಒಂದು ಸಾಲು. ಉಳಿದದ್ದು ಮಾತಿಗೆ ಎಳೆಯಾಗುವಂಥದ್ದು: ಯಾವ ಹೆಸರಿನಿಂದ ಕರೆದರೆ ಇಷ್ಟ, ಯಾವ ಭಾಷೆ ಮಾತಾಡುತ್ತಾರೆ, ಸಂಜೆ ಎಲ್ಲಿ ಕೂರುತ್ತಾರೆ, ಚದುರಂಗಕ್ಕೆ ಜೊತೆ ಬೇಕೇ. ಬರೆದದ್ದನ್ನು ಅಚ್ಚಿಗೆ ಮೊದಲು ಅವರಿಗೇ ಓದಿ ಹೇಳಿ. ಅವರೇ ಹೇಳದ ಹೊರತು ಹೆಸರಿನ ಹಿಂದೆ ಅಜ್ಜಿ, ತಾತ ಸೇರಿಸುವ ಚಾಳಿ ಬೇಡ.

ಅಚ್ಚುಮೊಳೆ

ಫೋಟೊ ಮರೆತಿದ್ದೆ. ಮುಖ ಅಚ್ಚಿನಲ್ಲಿ 3 ಸೆಂ.ಮೀ. ಎತ್ತರ ಇರದಿದ್ದರೆ ಗುರುತು ಸಿಗದು, ಆದ್ದರಿಂದ ಚಿತ್ರಕ್ಕೆ ನಾಲ್ಕೈದು ಜನ ಮೀರಬೇಡಿ. 8 ಸೆಂ.ಮೀ. ಅಗಲದ ಚಿತ್ರಕ್ಕೆ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ) ಲೆಕ್ಕದಲ್ಲಿ 945 ಪಿಕ್ಸೆಲ್ ಬೇಕು. ವಾಟ್ಸಾಪಿನಲ್ಲಿ ಚಿತ್ರವಾಗಿ ಬಂದದ್ದು ಕುಗ್ಗಿರುತ್ತದೆ, ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ. ಕಪ್ಪುಬಿಳುಪಿನಲ್ಲಿ ಅಚ್ಚು ಹಾಕುವುದಾದರೆ ಒಂದು ಪ್ರತಿ ತೆಗೆದು ನೋಡಿ, ಮುಖ ಕಪ್ಪಾಗಿದ್ದರೆ ನಡುಛಾಯೆಯನ್ನು (ತೀರ ಕಪ್ಪೂ ತೀರ ಬಿಳಿಯೂ ಅಲ್ಲದ ಭಾಗವನ್ನು) ತಿಳಿಯಾಗಿಸಿ. ಹೆಸರುಗಳನ್ನು ಎಡದಿಂದ ಬಲಕ್ಕೆ, ಅದೇ 17 ಪಾಯಿಂಟಿನಲ್ಲಿ ಕೊಡಿ. ಅಡಿಬರಹಕ್ಕೆ ಮಾತ್ರ ಅಕ್ಷರ ಸಣ್ಣ ಮಾಡುವುದು ಎಲ್ಲ ಪತ್ರಿಕೆಯವರ ಅಭ್ಯಾಸ, ಇಲ್ಲಿ ಜನ ಮೊದಲು ಹುಡುಕುವುದೇ ಆ ಸಾಲನ್ನು.